ಮಾವನ ಕಾರಿನ ಎಣ್ಣೆನೀರು

ನಮ್ಮ ಸೋದರಮಾವ ದಿನಾ ಸ್ನಾನ ಮಾಡುತ್ತಾರೆಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಅವರ ಕಾರು ಮಾಡುತ್ತದೆ! ಅದೂ ಎಂಥ ಸ್ನಾನ ಅಂತೀರಿ? ಮೊದಲು ಮೈಮೇಲಿನ ಧೂಳು ಇಳಿಯುವಷ್ಟು ತಣ್ಣೀರು, ಆಮೇಲೆ ನೊರೆನೊರೆ ಶಾಂಪೂ, ಮತ್ತೆ ನೀರು, ಮೆತ್ತನೆಯ ಬಟ್ಟೆಯಲ್ಲಿ ಒರೆಸಾಟ, ಶನಿವಾರ ಬಂತೆಂದರೆ ಮೈತುಂಬ ವ್ಯಾಕ್ಸು. "ನನ್ನ ಎರಡು ಬಾಣಂತನದಲ್ಲೂ ಸೇರಿ ನಂಗೆ ಇಷ್ಟು ಎಣ್ಣೆನೀರು ಆಗಿರ್ಲಿಲ್ಲ ಕಣೇ" ಎನ್ನುತ್ತಾರೆ ಅತ್ತೆ. ಅತ್ತೆ ಸ್ವಲ್ಪ ಸೇರಿಸಿ ಹೇಳುತ್ತಾರೆ ಅಂದುಕೊಂಡಿದ್ದೆ. ಒಂದು ಶನಿವಾರ ಜಗಲಿಯ ಮೇಲೆ ಕೂತು ಪೂರ್ತಿ ನೋಡಿದ ಮೇಲೆ, ಪಾಪ, ಕಡಿಮೆಯೇ ಹೇಳಿದ್ದಾರೆ ಅನ್ನಿಸಿತು.

ಮಾವನದು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಹೊಳೆಯುವ ಸಾಮಾನು ಮಾರಿ ಹೊಟ್ಟೆ ಹೊರೆಯುವ ಮನುಷ್ಯ. ಆದರೆ ಆ ಅಂಗಡಿಯ ಕೊಳಗ, ಪರಾತಗಳ ಮೇಲೆ ಎಷ್ಟು ಧೂಳೆಂದರೆ, ಮದುವೆಗೆ ಉಡುಗೊರೆ ಕೊಳ್ಳಲು ಬಂದವರು ಬೆರಳಲ್ಲೇ ವಧೂವರರ ಹೆಸರು ಬರೆದುಬಿಡಬಹುದು, ಮೆಷಿನ್ನಿನಲ್ಲಿ ಕೊರೆಸುವ ಖರ್ಚು ಉಳಿಯುತ್ತದೆ! "ಮಾವ, ಇವನ್ನೂ ಒಂಚೂರು ಒರೆಸಬಾರದಾ?" ಎಂದರೆ, "ಅವು ಹೆಂಗೂ ಬೇರೆಯವರ ಮನೆಗೆ ಹೋಗೋವು ಮಾರಾಯ್ತಿ" ಎಂಬ ಉತ್ತರ ಬರುತ್ತದೆ.

ಇಷ್ಟಕ್ಕೂ ಕಪ್ಪು ಕಾರನ್ನೇ ಕೊಳ್ಳಿರೆಂದು ಅವರಿಗೆ ಯಾರು ಹೇಳಿದ್ದರು? ಕೊಳ್ಳುವಾಗ ಮನೆಮಂದಿಯೆಲ್ಲ ಬಿಳಿ ಬಿಳಿ ಎಂದು ಬಡಿದುಕೊಂಡಿದ್ದೆವು. ನಮ್ಮ ಶಿವಮೊಗ್ಗದಲ್ಲಿ ಒಂದು ರಸ್ತೆ ಮುಚ್ಚುವ ಹೊತ್ತಿಗೆ ಇನ್ನೊಂದು ರಸ್ತೆ ಅಗೆದಿರುತ್ತಾರೆ. ಇಲ್ಲಿ ಕಪ್ಪು ಕಾರು ಕಪ್ಪಾಗಿರುವುದು ತೊಳೆದು ಮುಗಿಸಿ ಬಕೆಟ್ ಒಳಗಿಡುವವರೆಗೆ ಮಾತ್ರ. ಬಕೆಟ್ ಇಟ್ಟು ಬರುವಷ್ಟರಲ್ಲಿ ಬಣ್ಣ ಬೇರೆ! ಆದರೆ ಮಾವ ಶೋರೂಮಿನ ನಡುವೆ ನಿಂತು, ಕಪ್ಪು ಬಾಗಿಲಿಗೆ ಮುಖ ಹತ್ತಿರ ತಂದು, ಮೀಸೆ ತೀಡಿಕೊಂಡು ಕೇಳಿದ್ದರು: "ಬಿಳಿ ಕಾರಲ್ಲಿ ಮುಖ ಕಾಣುತ್ತೇನೇ?"

"ಈ ವಯಸ್ಸಲ್ಲಿ ಮುಖ ನೋಡ್ಕೊಂಡು ಏನಾಗ್ಬೇಕು ನಿಮಗೆ? ಹೆಣ್ಣು ನೋಡಕ್ಕೆ ಹೋಗ್ಬೇಕಾ?" ಎಂದರು ಅತ್ತೆ. ಶೋರೂಮಿನವರೆಲ್ಲ ನಕ್ಕರು. ಮಾವ ನಗಲಿಲ್ಲ, ಕಪ್ಪನ್ನೇ ಕೊಂಡರು.

ಇನ್ನು ಅವರ ಮಡಿಯ ವಿಚಾರ. ನಮ್ಮ ಮನೆಯಲ್ಲಿ ದೇವರಿಗೆ ಮಡಿ ತಪ್ಪಿ ಕಾಲವಾಯಿತು, ಕಾರಿಗೆ ಮಾತ್ರ ತಪ್ಪಿಲ್ಲ. ಚಕ್ರ ಒರೆಸಿದ ಬಟ್ಟೆ ಬಾಗಿಲು ಮುಟ್ಟಬಾರದು. ಬಾಗಿಲು ಒರೆಸಿದ್ದು ಬಾನೆಟ್ ಮುಟ್ಟಬಾರದು. ನೆಲಕ್ಕೆ ಬಿದ್ದ ಬಟ್ಟೆಗಂತೂ ಪ್ರಾಯಶ್ಚಿತ್ತವೇ ಇಲ್ಲ. ಅದರಲ್ಲಿ ಮರಳಿನ ಕಣ ಸೇರಿಕೊಂಡಿರುತ್ತದಂತೆ, ಬಣ್ಣಕ್ಕೆ ಗೀರು ಬೀಳುತ್ತದಂತೆ. ಒರೆಸುವಾಗ ಕೈ ಉದ್ದುದ್ದಕ್ಕೇ ಹೋಗಬೇಕು. ಗುಂಡಗೆ ತಿಕ್ಕಿದಿರೋ, ಬಿಸಿಲಿಗೆ ಜೇಡರ ಬಲೆಯ ಹಾಗೆ ಗೆರೆ ಕಾಣುತ್ತವೆ. "ದೋಸೆ ಹುಯ್ಯೋ ಕೈನ ಕಾರಿನ ಮೇಲೆ ಆಡಿಸಬೇಡಿ" ಎಂದು ಮನೆಯ ಹೆಂಗಸರಿಗೆಲ್ಲ ಕಟ್ಟಪ್ಪಣೆಯಾಗಿದೆ. ಒಮ್ಮೆ ಅತ್ತೆ ಗೊತ್ತಿಲ್ಲದೆ ಬಾನೆಟ್ಟಿನ ಬಟ್ಟೆ ತೆಗೆದುಕೊಂಡು ಒಲೆಯ ಕಟ್ಟೆಯ ಮೇಲೆ ಚೆಲ್ಲಿದ ಸಾರು ಒರೆಸಿಬಿಟ್ಟರು. ಮಾವ ಆ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಹಿತ್ತಿಲಲ್ಲಿ ಕರಿಬೇವಿನ ಗಿಡದ ಬುಡಕ್ಕೆ ಹಾಕಿ ಬಂದರು. ಆ ರಾತ್ರಿ ಅವರು ಸಾರು ಹಾಕಿಸಿಕೊಳ್ಳಲಿಲ್ಲ!

ಇಂಥವರ ಮನೆಯಲ್ಲಿ ಆಯುಧಪೂಜೆ ಹೇಗೆ ನಡೆಯಬೇಕು ಹೇಳಿ. ಪುರೋಹಿತರು ಕುಂಕುಮ, ಗಂಧದ ಬಟ್ಟಲು ಹಿಡಿದು ಬಾನೆಟ್ಟಿನ ಕಡೆ ಕೈ ಚಾಚಿದ್ದೇ ತಡ, ಮಾವ ನಡುವೆ ನುಗ್ಗಿ ನಿಂತರು. "ಸ್ವಾಮಿ, ನಿನ್ನೆ ತಾನೆ ವ್ಯಾಕ್ಸ್ ಆಗಿದೆ!"

"ಕುಂಕುಮ ಇಡದೆ ಪೂಜೆ ಹೆಂಗ್ರೀ ಮಾಡೋದು? ದೃಷ್ಟಿ ಆಗಲ್ವಾ?"

"ದೃಷ್ಟಿ ಆದ್ರೆ ತೊಳೀಬಹುದು. ಕುಂಕುಮದ ಕಲೆ ಹೋಗಲ್ಲ."

ಕೊನೆಗೆ ರಾಜಿಯಾಯಿತು. ಕಾರಿನ ಫೋಟೋ ತೆಗೆದು, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಆ ಫೋಟೋದ ಗಾಜಿಗೆ ಕುಂಕುಮವಿಟ್ಟು ಸೇವಂತಿಗೆ ಹಾರ ಹಾಕಿದರು. ಬೂದುಗುಂಬಳಕಾಯಿಯನ್ನು ಪಕ್ಕದ ಮನೆಯವರ ಗೇಟಿನ ಹತ್ತಿರ ಒಡೆದರು, ಚೂರು ಹಾರಬಾರದಲ್ಲ! ಫೋಟೋ ಅಂಗಡಿಯ ಗೋಡೆಗೆ ಹೋಯಿತು, ಹಾರದ ಸಮೇತ. ಮಾರನೆಯ ದಿನದಿಂದ ಶುರು ನೋಡಿ. ಬಂದ ಗಿರಾಕಿಗಳೆಲ್ಲ ಫೋಟೋ ನೋಡಿ ದನಿ ತಗ್ಗಿಸುವವರೇ. "ಅಯ್ಯೋ, ಹೆಂಗಾಯ್ತು ಸಾರ್? ಆಕ್ಸಿಡೆಂಟಾ?" "ಒಳ್ಳೇ ಗಾಡಿ. ನಂಗೆ ಮೊನ್ನೆ ತಾನೆ ಬಸ್‌ಸ್ಟ್ಯಾಂಡ್ ಹತ್ರ ಕಂಡಿತ್ತು!" ಪುಣ್ಯಕ್ಕೆ ವೈಕುಂಠ ಸಮಾರಾಧನೆ ಯಾವತ್ತು ಎಂದು ಯಾರೂ ಕೇಳಲಿಲ್ಲ.

ಗಾಜನೂರಿನಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋದಾಗಲೂ ಹಾಗೇ. ಬಿಸಿಲಲ್ಲಿ ನಿಲ್ಲಿಸಿದರೆ ಬಣ್ಣಕ್ಕೆ ಆಗದು, ಮರದ ಕೆಳಗೆ ನಿಲ್ಲಿಸಿದರೆ ಕಾಗೆ. ಕಾಗೆಯ ಹಿಕ್ಕೆ ಬಿದ್ದು ಒಣಗಿದರೆ ಬಣ್ಣವನ್ನೇ ತಿಂದುಬಿಡುತ್ತದಂತೆ. ನೆರಳಿದ್ದೂ ಹಕ್ಕಿ ಇಲ್ಲದ ಮರ ಈ ಭೂಮಿಯ ಮೇಲೆ ಎಲ್ಲಿದೆ? ಮಾವ ಹುಡುಕುತ್ತಾ ಹೋದರು. ನಮ್ಮನ್ನು ಇಳಿಸಿ ಹೋದವರು ಬೆವರು ಒರೆಸಿಕೊಳ್ಳುತ್ತಾ ನಡೆದು ಬರುವ ಹೊತ್ತಿಗೆ ಕಡೆಯ ಪಂಕ್ತಿ ಎದ್ದು ಎಲೆ ತೆಗೆಯುತ್ತಿದ್ದರು. ಮಜ್ಜಿಗೆ ಕುಡಿದು ಬಂದರು. "ಊಟ ಹೋದ್ರೆ ಹೋಗ್ಲಿ, ಗಾಡಿ ಚಕಾಚಕ್ ಇದೆ" ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ಅವರ ಹೊಟ್ಟೆ ಗುರ್ ಎನ್ನುವುದು ಹಿಂದಿನ ಸೀಟಿನಲ್ಲಿದ್ದ ನನಗೂ ಕೇಳುತ್ತಿತ್ತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಈಚೆಗೆ ಮಾವನಿಗೆ ಸೊಂಟ ಹಿಡಿದುಕೊಳ್ಳತೊಡಗಿತು. ಬಗ್ಗಬೇಡಿ, ಬಕೆಟ್ ಎತ್ತಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಮಾವ ಬಗ್ಗಲಿಲ್ಲ, ಮಣೆ ಹಾಕಿಕೊಂಡು ಕೂತು ಬಾಗಿಲು ತಿಕ್ಕಿದರು! ಏಳಲಾಗದೆ ಕೂತಲ್ಲಿಂದಲೇ ಅತ್ತೆಯನ್ನು ಕೂಗಿದರು. ಎಬ್ಬಿಸಲು ಹೋದ ಅತ್ತೆಯ ತೋಳು ಉಳುಕಿತು. ಅತ್ತೆಗೆ ಸಾಕಾಯಿತು. ಕಪ್ಪು ಕಾರು ಕೊಟ್ಟು ಬಿಳಿಯದು ತಗೊಳ್ಳುವುದೆಂದು ಅವರೇ ಶೋರೂಮಿನವರ ಹತ್ತಿರ ಎಲ್ಲ ಮಾತಾಡಿ, ಮಾವನನ್ನು ಒಪ್ಪಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

"ನಾನು ಹೇಳಿದ್ರೆ ಕಿವಿಗೇ ಹಾಕ್ಕೊಳಲ್ಲ. ನಿನ್ನ ಮಾತಂದ್ರೆ ಕೇಳ್ತಾರೆ. ಭಾನುವಾರ ಭದ್ರಾವತಿಗೆ ಹೋಗ್ತಾರಲ್ಲ, ಜೊತೆಗೆ ಹೋಗು. ದಾರೀಲಿ ಒಪ್ಪಿಸು" ಎಂದರು. ದನಿ ಯಾಕೋ ಸಣ್ಣಗಾಯಿತು. "ಒಂದಿನ ಆ ಕಾರಿನ ಪಕ್ಕನೇ ಬಿದ್ದುಬಿಡ್ತಾರೆ ಕಣೇ."

ಭದ್ರಾವತಿಯಲ್ಲಿರುವುದು ನಮ್ಮಮ್ಮ, ಅಂದರೆ ಮಾವನ ಅಕ್ಕ. ಅವಳ ಜೊತೆಗೆ ಅಜ್ಜಿ. ಅಜ್ಜಿಗೆ ಮರೆವಿನ ಕಾಯಿಲೆ. ನನ್ನನ್ನು ಅಮ್ಮನ ಹೆಸರಿನಿಂದ ಕರೆಯುತ್ತಾಳೆ, ಅಮ್ಮನನ್ನು ನರ್ಸಮ್ಮ ಎನ್ನುತ್ತಾಳೆ. ಇದ್ದೊಬ್ಬ ಗಂಡುಮಗ ನಮ್ಮ ಮಾವ ಅವಳ ಲೆಕ್ಕಕ್ಕೆ ಯಾರೆಂದುಕೊಂಡಿರಿ? ಡ್ರೈವರ್! ಪ್ರತಿ ಭಾನುವಾರ ಎದುರಿಗೆ ಕೂತು, "ಅಮ್ಮಾ, ನಾನ್ಯಾರು ಹೇಳು ನೋಡಾಣ" ಎಂದು ಮಾವ ಕೇಳುವುದು, "ಕಾರು ತಂದ ಡ್ರೈವರಲ್ವೇನಪ್ಪ" ಎಂದು ಅಜ್ಜಿ ಹೇಳುವುದು. ಸದಾ ನಗಿಸುವ ಮಾವ ಆ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಾರಂತೆ.

ನಾನು ಭದ್ರಾವತಿಗೆ ಹೋಗುವುದು ಎರಡನೇ ಶನಿವಾರ, ಅವರು ಹೋಗುವುದು ಭಾನುವಾರ. ಹಾಗಾಗಿ ಅಲ್ಲಿ ನಾವು ಒಟ್ಟಿಗೆ ಸೇರಿದ್ದೇ ಇಲ್ಲ. ಅಮ್ಮ ಫೋನಿನಲ್ಲಿ ದೂರುತ್ತಿದ್ದಳು: "ನಿಮ್ಮ ಮಾವ ತಾಯಿ ನೋಡಕ್ಕೆ ಬರ್ತಾನೋ ಕಾರು ಒರೆಸಕ್ಕೆ ಬರ್ತಾನೋ ನಂಗೆ ತಿಳೀತಿಲ್ಲ. ಬಂದವನೇ ಅಂಗಳದಲ್ಲಿ ಬಟ್ಟೆ ಹಿಡ್ಕೊಂಡು ನಿಂತ. ಈಗೀಗ ಅಮ್ಮನ್ನೂ ಹೊರಗೆ ಕರ್ಕೊಂಡು ಹೋಗಿ ಕಾರು ತೋರಿಸ್ತಾನೆ. ಏನು ಜಂಬನೋ!"

ಭಾನುವಾರ ಬಳೆ, ಉಂಗುರ ಎಲ್ಲ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಕಾರು ಹತ್ತಿದೆ. ಬಾಗಿಲಿಗೆ ತಾಗುತ್ತದೆಂದು ಆ ಬ್ಯಾಗನ್ನೂ ಮಾವ ಈಸಿಕೊಂಡು ಒಳಗಿಟ್ಟರು. ಊರು ದಾಟಿದ ಕೂಡಲೇ ಶುರು ಮಾಡಿದೆ.

"ಮಾವ, ಬಿಳಿ ಆದ್ರೆ ವಾರಕ್ಕೊಂದ್ಸಲ ನೀರು ಹಾಕಿದ್ರೆ ಸಾಕು."

"ಹೂಂ."

"ನಿಮ್ಮ ಸೊಂಟಕ್ಕೂ ಆರಾಮ."

"ಸೊಂಟ ನಂದು ಮಾರಾಯ್ತಿ."

"ಎತ್ತಿ ನಿಲ್ಲಿಸೋ ಅತ್ತೆ ತೋಳು ನಿಮ್ದಲ್ವಲ್ಲ!"

ಮಾವ ಮುಂದಿನ ಗಾಜಿಗೆ ನೀರು ಚಿಮ್ಮಿಸಿ ವೈಪರ್ ಆಡಿಸಿದರು. "ಕೊಡಾಣ. ಆದ್ರೆ ಈಗ್ಲೇ ಬೇಡ" ಎಂದರು. ಅರ್ಧ ಗೆದ್ದೆ ಎಂದುಕೊಂಡೆ. ಉಳಿದರ್ಧವನ್ನು ಬರುವಾಗ ಗೆದ್ದರಾಯಿತು ಎಂದು ಹಿಗ್ಗಿದೆ ಕೂಡ.

ಅಮ್ಮನ ಮನೆಯ ಓಣಿಯಲ್ಲಿ ಮಣ್ಣು. ಕಾರು ಅಂಗಳಕ್ಕೆ ಬರುವಷ್ಟರಲ್ಲಿ ಮೈಯೆಲ್ಲ ಕೆಂಪಾಗಿತ್ತು. ಅಮ್ಮ ಹೇಳಿದ ಹಾಗೆಯೇ ಮಾವ ಒಳಗೆ ಬರಲಿಲ್ಲ. ಡಿಕ್ಕಿಯಿಂದ ನೀರಿನ ಬಾಟಲಿ, ಬಟ್ಟೆ ತೆಗೆದರು. ಇಡೀ ಕಾರನ್ನು ಬಿಟ್ಟು ಹಿಂದಿನ ಒಂದೇ ಬಾಗಿಲನ್ನು ಒರೆಸಿದರು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಉದ್ದುದ್ದಕ್ಕೆ. ಬಾಗಿಲು ಹೊಳೆಯತೊಡಗಿದ ಮೇಲೆ ಒಳಗೆ ಹೋಗಿ ಅಜ್ಜಿಯ ಕೈಹಿಡಿದು ಮೆಲ್ಲಗೆ ಕರೆತಂದರು. ಶುರುವಾಯಿತಪ್ಪ ಪ್ರದರ್ಶನ, ಎಂದು ನಾನು ಜಗಲಿಯ ಕಂಬಕ್ಕೊರಗಿ ನಿಂತೆ.

"ಯಾರಪ್ಪ? ಡ್ರೈವರಾ?" ಎಂದಳು ಅಜ್ಜಿ.

"ಹೌದಮ್ಮ. ಬಾ, ಇಲ್ಲಿ ನೋಡು."

ಇಬ್ಬರೂ ಬಾಗಿಲಿನ ಎದುರು ಅಕ್ಕಪಕ್ಕ ನಿಂತರು. ಅಜ್ಜಿ ಬಗ್ಗಿ ನೋಡಿದಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ಆ ಮುಖ ಅರಳಿದ್ದನ್ನು ನಾನು ಹೇಗೆ ಹೇಳಲಿ!

"ಮಗಾ! ಯಾವಾಗ ಬಂದ್ಯೋ?"

ಪಕ್ಕದಲ್ಲೇ ಇದ್ದ ಮಾವನಿಗಲ್ಲ, ಬಾಗಿಲೊಳಗಿನ ಮಾವನಿಗೆ. ನಾನೂ ಹತ್ತಿರ ಹೋಗಿ ಇಣುಕಿದೆ. ಆ ಕಪ್ಪಿನಲ್ಲಿ ಮಾವನ ನೆರೆಗೂದಲು ಕಾಣುತ್ತಿರಲಿಲ್ಲ. ಕೆನ್ನೆಯ ಸುಕ್ಕು ಕಾಣುತ್ತಿರಲಿಲ್ಲ. ಎತ್ತರದ ನಿಲುವು, ಮೀಸೆ, ಕಪ್ಪು ಕೂದಲು. ಅಮ್ಮನ ಹಳೆಯ ಆಲ್ಬಮ್ಮಿನಲ್ಲಿ ಅಜ್ಜಿಯ ಪಕ್ಕ ನಿಂತಿದ್ದಾನಲ್ಲ, ಅದೇ ಹುಡುಗ.

"ಈಗ ಬಂದೆ ಕಣಮ್ಮ" ಎಂದರು ಮಾವ, ಬಾಗಿಲನ್ನೇ ನೋಡುತ್ತಾ.

"ಎಷ್ಟು ಸೊರಗಿದೀಯೋ! ಊಟ ಆಯ್ತಾ?"

"ಇನ್ನೂ ಇಲ್ಲಮ್ಮ."

"ಹೊತ್ತೊತ್ತಿಗೆ ಉಣ್ಣಬೇಕಪ್ಪ. ಹೆಂಡ್ತಿ ಹತ್ರ ಜಗಳ ಆಡ್ಬೇಡ, ಒಳ್ಳೇ ಹುಡುಗಿ ಅದು."

"ಆಡಲ್ಲಮ್ಮ."

ಹೀಗೇ ಮಾತು ನಡೆಯಿತು. ಅಷ್ಟು ಹೊತ್ತೂ ಮಾವ ಅಜ್ಜಿಯ ಕಡೆ ತಿರುಗಲಿಲ್ಲ. ತಿರುಗಿದರೆ ಅವಳೂ ತಿರುಗುತ್ತಾಳೆ, ಮತ್ತೆ ಡ್ರೈವರ್ ಆಗಿಬಿಡುತ್ತಾರೆ. ಅಜ್ಜಿಗೆ ಕಾಲು ಸೋತು ಒಳಗೆ ಕರೆದುಕೊಂಡು ಹೋಗುವಾಗ, ನನ್ನ ಮುಖ ನೋಡಿ ಮಾವ ಪಿಸುಗುಟ್ಟಿದರು: "ಒಂದ್ಸಲ ಒರೆಸದೆ ನಿಲ್ಲಿಸಿದ್ದೆ. ಧೂಳಲ್ಲಿ ನಾನು ಕಾಣ್ಲೇ ಇಲ್ಲ ಅವಳಿಗೆ."

ನನಗೆ ಅಳು ಬಂತು. ಬಂದದ್ದನ್ನು ಬಂತು ಎಂದೇ ಹೇಳಬೇಕು. ಹಾಗಂತ ಅವರ ಹುಚ್ಚೆಲ್ಲ ಮಾತೃಭಕ್ತಿ ಎಂದುಕೊಳ್ಳಬೇಡಿ. ಫೋಟೋಗೆ ಹಾರ ಹಾಕಿದ್ದಕ್ಕೂ ಅಜ್ಜಿಗೂ ಏನು ಸಂಬಂಧ? ಹುಚ್ಚು ಮೊದಲೇ ಇತ್ತು, ಈಗ ಅದಕ್ಕೊಂದು ಕೆಲಸ ಸಿಕ್ಕಿದೆ, ಅಷ್ಟೇ.

ಊಟ ಮುಗಿಸಿ ಹೊರಡುವಾಗ ಅಜ್ಜಿ ಮನೆಯ ಬಾಗಿಲಿನವರೆಗೆ ಬಂದಳು. ಸ್ಟಿಯರಿಂಗ್ ಹಿಡಿದು ಕೂತ ಮಾವನನ್ನು ಕೈಸನ್ನೆಯಿಂದ ಕರೆದಳು. ಮಾವ ಗಾಜು ಇಳಿಸಿದರು.

"ಡ್ರೈವರೇ, ನನ್ನ ಮಗ ಇದಾನಪ್ಪ ಕಾರಲ್ಲಿ. ಒಬ್ಬನೇ ಮಗ. ನಿಧಾನ ಓಡಿಸ್ಕೊಂಡು ಹೋಗು."

"ಆಗ್ಲಮ್ಮ. ಜೋಪಾನವಾಗಿ ಕರ್ಕೊಂಡು ಹೋಗ್ತೀನಿ" ಎಂದರು ಮಾವ.

ಓಣಿ ದಾಟಿ ದೊಡ್ಡ ರಸ್ತೆಗೆ ಬಂದ ಮೇಲೆ ಅವರು ಕಾರು ನಿಲ್ಲಿಸಿ ಇಳಿದರು. ಬಟ್ಟೆ ತೆಗೆದರು. ನಾನೂ ಇಳಿದು ಕೈ ಚಾಚಿದೆ. ತನ್ನ ಬಟ್ಟೆಯನ್ನು ಇವತ್ತಿನವರೆಗೆ ಯಾರ ಕೈಗೂ ಕೊಡದ ಮನುಷ್ಯ ಅದನ್ನು ಎರಡು ಸಲ ಕೊಡವಿ ನನ್ನ ಕೈಗಿಟ್ಟರು. ನಾನು ಹಿಂದಿನ ಬಾಗಿಲು ಒರೆಸುತ್ತಿರುವಾಗ ಅತ್ತೆಯ ಫೋನು ಬಂತು.

"ಏನಾಯ್ತೇ? ಒಪ್ಪಿದ್ರಾ?"

"ಇಲ್ಲ ಅತ್ತೆ. ನಾನೇ ಒಪ್ಕೊಂಡೆ. ಇನ್ಮೇಲೆ ಶನಿವಾರ ಸಂಜೆ ಕಾರು ತೊಳೆಯಕ್ಕೆ ನಾನು ಬರ್ತೀನಿ, ನೀವು ಅವರನ್ನ ಬಗ್ಗಕ್ಕೆ ಬಿಡಬೇಡಿ."

ಅತ್ತ ಅತ್ತೆ, "ನಿಂಗೂ ಆ ಹುಚ್ಚು ಹಿಡೀತಾ!" ಎಂದು ಕೂಗಿಕೊಂಡರು. ಇತ್ತ ಮಾವ, ಕಣ್ಣೊರೆಸಿಕೊಳ್ಳುತ್ತಾ, ನನ್ನ ಕೈ ಹಿಡಿದು ನಿಲ್ಲಿಸಿದರು.

"ದೋಸೆ ಹುಯ್ಯಬೇಡ ಮಾರಾಯ್ತಿ. ಉದ್ದುದ್ದ ಒರೆಸು."