ಬೀಗಿತ್ತಿಯ ಕೆಂಪು ಚೀಲ

ಐವತ್ತು ದಾಟಿದ ಗಂಡಸಿಗೆ ಹೊಸದಾಗಿ ಒಂದು ಹವ್ಯಾಸ ಅಂಟಿಕೊಳ್ಳುವುದಕ್ಕಿಂತ ಸಕ್ಕರೆ ಕಾಯಿಲೆ ಅಂಟಿಕೊಳ್ಳುವುದು ಮೇಲು ಎಂದು ನನಗೆ ಈಗೀಗ ಅನಿಸುತ್ತಿದೆ. ಸಕ್ಕರೆ ಕಾಯಿಲೆಗೆ ಮಾತ್ರೆಯಿದೆ, ಪಥ್ಯವಿದೆ, ಬೆಳಗ್ಗೆ ಕೆರೆಯ ಸುತ್ತ ನಡೆಯುತ್ತ ಕಷ್ಟ ಹೇಳಿಕೊಳ್ಳಲು ಜೊತೆಗಾರರಿದ್ದಾರೆ. ಹವ್ಯಾಸಕ್ಕೆ ಇದಾವುದೂ ಇಲ್ಲ. ಮೇಲಾಗಿ ಸಕ್ಕರೆ ಕಾಯಿಲೆ ತನ್ನ ಪಾಡಿಗೆ ನಮ್ಮ ಮೈಯೊಳಗೇ ಇರುತ್ತದೆ. ಬೀಗರ ಮನೆಯವರ ಬಟ್ಟೆಗೆ ಹತ್ತುವುದಿಲ್ಲ.

ನನಗೆ ಹತ್ತಿದ್ದು ಚರ್ಮದ ಕೆಲಸದ ಹುಚ್ಚು. ನಾನು ಧಾರವಾಡದ ಕಡೆಯವನು. ಕೋಲ್ಕತ್ತಾದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತ ತಲೆ ಹಣ್ಣಾದವನು. ಹೆಂಡತಿ ಗಿರಿಜಾ ರೈಲ್ವೆ ಕಚೇರಿಯಲ್ಲಿದ್ದಾಳೆ. ಲೇಕ್ ಗಾರ್ಡನ್ಸ್‌ನಲ್ಲಿ, ಲೋಕಲ್ ರೈಲು ಹೋದಾಗಲೆಲ್ಲ ಕಿಟಕಿಯ ಗಾಜು ಗದಗುಟ್ಟುವ ಫ್ಲ್ಯಾಟೊಂದರಲ್ಲಿ ನಾವಿರುವುದು. ನಿವೃತ್ತರಾಗಿ ಮಗಳ ಊರಿಗೆ ಹೊರಟ ಸಹೋದ್ಯೋಗಿಯೊಬ್ಬರು ಮನೆ ಖಾಲಿ ಮಾಡುವಾಗ ತಮ್ಮ ಚರ್ಮದ ಕೆಲಸದ ಸಾಮಾನನ್ನೆಲ್ಲ ನನ್ನ ಕೈಗೆ ಹಾಕಿ, "ಮನಸ್ಸಿಗೆ ಬಹಳ ಶಾಂತಿ ಸಿಗುತ್ತದೆ" ಎಂದರು. ಅವರ ಮುಖದ ಮೇಲೆ ಆಗ ಕಂಡ ಶಾಂತಿ ಸಾಮಾನು ಕೈಬಿಟ್ಟಿದ್ದರಿಂದ ಬಂದದ್ದು ಎಂದು ನನಗೆ ಹೊಳೆಯಲಿಲ್ಲ. ಗಿರಿಜಾ ಒಂದೇ ಷರತ್ತು ಹಾಕಿದಳು: "ತೊಗಲು ಬಾಲ್ಕನಿ ದಾಟಿ ಒಳಗ ಬರಬಾರದು." ಹೀಗೆ ತುಳಸಿ ಕುಂಡಕ್ಕೂ ಒಣಹಾಕಿದ ಬಟ್ಟೆಗಳಿಗೂ ನಡುವೆ, ಮಣೆಯ ಮೇಲೆ ಕುಳಿತು, ನಾನು ಕತ್ತರಿಸಿ ಹೊಲಿಯತೊಡಗಿದೆ. ಮೊದಲು ಚಿಲ್ಲರೆ ಹಾಕುವ ಸಂಚಿ, ಆಮೇಲೆ ಒಂದು ಬೆಲ್ಟು, ಆಮೇಲೆ ಗಿರಿಜಾಳಿಗೆ ಒಂದು ಚೀಲ. ನಿಜ ಹೇಳುತ್ತೇನೆ, ಅವು ಚೆನ್ನಾಗಿಯೇ ಇದ್ದವು. ಯಾವುದಕ್ಕೂ ನಾನು ಬಣ್ಣ ಹಾಕಿರಲಿಲ್ಲ. ಚರ್ಮ ಹುಟ್ಟಿನಿಂದ ತಂದಿದ್ದ ಬೆಲ್ಲದ ಬಣ್ಣದಲ್ಲೇ ಇದ್ದವು. ಅಲ್ಲಿಗೇ ನಿಲ್ಲಿಸಬೇಕಿತ್ತು.

ಹೀಗಿರುವಾಗ ನಮ್ಮ ಮಗಳು ಮೇಘನಾ ತಾನು ಶೌಭಿಕ್ ಎಂಬ ಬಂಗಾಳಿ ಹುಡುಗನನ್ನು ಮದುವೆಯಾಗುವುದಾಗಿ ಹೇಳಿದಳು. ಹುಡುಗ ಒಳ್ಳೆಯವನು. ನನ್ನ ಜೋಕುಗಳಿಗೆ ನಗುತ್ತಾನೆ, ಇನ್ನೇನು ಬೇಕು. ಅವನಿಗೆ ತಂದೆಯಿಲ್ಲ. ತಾಯಿ ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದು ನಿವೃತ್ತರಾದವರು. ಅವರ ಹೆಸರು ಕಾವೇರಿ ಎಂದು ಕೇಳಿ ನನಗೆ ನಮ್ಮ ನಾಡಿನವರೇ ಸಿಕ್ಕಷ್ಟು ಸಂತೋಷವಾಯಿತು. ಆದರೆ ಈ ಊರಿನ ಬಾಯಲ್ಲಿ ಅದು 'ಕಾಬೇರಿ'. ಮಾತು ಕಡಿಮೆ, ದೃಷ್ಟಿ ಜಾಸ್ತಿ. ಅವರು ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತೆ. ಚಹಾ ಕುಡಿಯುತ್ತ ಅವರು ಗಿರಿಜಾಳ ಚೀಲವನ್ನು ಕೈಗೆತ್ತಿಕೊಂಡು, ಹೊಲಿಗೆಯ ಮೇಲೆ ಬೆರಳಾಡಿಸಿ, ತಮ್ಮ ಬಂಗಾಳಿ ಹಿಂದಿಯಲ್ಲಿ ಕೇಳಿದರು: "ನೀವೇ ಮಾಡಿದ್ದಾ, ದಾದಾ? ಬಹಳ ಶುಂದೊರ್. ಕೆಂಪಿನಲ್ಲಿ ಸಿಗುತ್ತದಾ? ದುರ್ಗಾ ಪೂಜೊಗೆ ಹೊಸ ಚೀಲ ಕೊಳ್ಳಬೇಕು ಅಂತಿದ್ದೆ."

ಚರ್ಮದ ಚೀಲಕ್ಕೆ ಹೆಸರಾದ ಬಂಗಾಳದವರಿಗೆ ಚೀಲ ಮಾಡಿಕೊಡುತ್ತೇನೆ ಅನ್ನುವುದು ಧಾರವಾಡದವರಿಗೆ ಪೇಡೆ ಮಾಡಿಕೊಡುತ್ತೇನೆ ಎಂದ ಹಾಗೆ. ಆದರೂ ನನ್ನ ಬಾಯಿಂದ, "ಕೊಳ್ಳುವುದ್ಯಾಕೆ? ಅಷ್ಟಮಿಗೆ ನಿಮ್ಮ ಹೆಗಲ ಮೇಲಿರುತ್ತದೆ" ಎಂಬ ಮಾತು ಬಂದುಹೋಯಿತು.

ಅವರು ಹೋದ ಮೇಲೆ ಗಿರಿಜಾ ಬಾಗಿಲಿಗೆ ಚಿಲಕ ಹಾಕಿ ತಿರುಗಿದಳು. "ತೊಗಲಿಗೆ ಬಣ್ಣ ಹಾಕಿ ನೋಡೀರೇನು ಒಮ್ಮೆನಾದ್ರೂ?"

"ಇಲ್ಲ."

"ಮತ್ತ ಹೂಂ ಅಂದ್ರಿ?"

"ನಾನು ಕೆಮಿಸ್ಟ್ರಿ ಮಾಸ್ತರ ಇದ್ದೀನಿ, ಗಿರಿಜಾ. ಬಣ್ಣ ಅಂದ್ರನ ಕೆಮಿಸ್ಟ್ರಿ."

ಈ ಮಾತನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಳ್ಳೆಯ ಚರ್ಮ ತಂದೆ, ಮರದ ತೊಗಟೆಯ ಒಗರಿನಲ್ಲಿ ಹದ ಮಾಡಿದ್ದು. ಕೆಂಪು ಪುಡಿ ತಂದೆ. ಬಣ್ಣ ಸಮನಾಗಿ ಹಿಡಿಯಲು ಚರ್ಮವನ್ನು ಮೊದಲು ಒದ್ದೆ ಮಾಡಬೇಕೆಂದು ಓದಿದ್ದೆ. ಸ್ನಾನದ ಮನೆಯ ಬಕೆಟ್ಟಿನಿಂದ ನೀರು ತಂದು ಒರೆಸಿ, ಬಣ್ಣ ಬಳಿದೆ. ಸ್ವಲ್ಪ ಹೊತ್ತಿನಲ್ಲಿ ಬಾಲ್ಕನಿಯಲ್ಲಿ ಒಂದು ಬದನೆಕಾಯಿ ಒಣಗುತ್ತಿತ್ತು. ಕೆಂಪಿನ ಸುಳಿವಿಲ್ಲ. ಕರಿಯ ನೇರಳೆ, ನಡುನಡುವೆ ಮಸಿ ಚೆಲ್ಲಿದಂಥ ಚುಕ್ಕೆಗಳು, ಇವೆಲ್ಲದರ ನಡುವೆ ಬೆಲ್ಲದ ಬಣ್ಣದಲ್ಲೇ ಉಳಿದು, ಪೊಲೀಸರಿಗೆ ಬೇಕಾಗುವಷ್ಟು ಸ್ಪಷ್ಟವಾಗಿ, ನನ್ನ ಬೆರಳ ಗುರುತುಗಳು. ಬೆರಳ ಗುರುತಿನ ಕಾರಣ ಅರ್ಥವಾಯಿತು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈಯಲ್ಲೇ ಚರ್ಮ ಮುಟ್ಟಿದ್ದೆ, ಎಣ್ಣೆ ಇದ್ದಲ್ಲಿ ಬಣ್ಣ ಇಳಿಯಲಿಲ್ಲ. ಆದರೆ ನೇರಳೆ ಯಾಕೆ? ಬಣ್ಣದ ಪುಡಿ ಕೆಟ್ಟದ್ದೆಂದು ಬೇರೆ ಪುಡಿ ತಂದೆ. ಮತ್ತೆ ಬದನೆಕಾಯಿ. ಚರ್ಮವೇ ಕೆಟ್ಟದ್ದೆಂದು ಬೇರೆ ಚರ್ಮ ತಂದೆ. ಈ ಸಲ ಗುಂಡು ಬದನೆಕಾಯಿ. ಇಂಟರ್ನೆಟ್ಟಿನಲ್ಲಿ ಗಡ್ಡದ ಅಮೆರಿಕನ್ನರು ನಗುನಗುತ್ತ ಒಂದೇ ಸಲಕ್ಕೆ ಕೆಂಪು ಬಳಿಯುವುದನ್ನು ನೋಡಿ ನೋಡಿ ಆ ದೇಶದ ಮೇಲೇ ಬೇಸರ ಬಂತು. ಊಟ ಸೇರಲಿಲ್ಲ. ಮಗಳ ಸಂಸಾರ ಹುಟ್ಟುವ ಮೊದಲೇ ನನ್ನಿಂದ ಹಾಳಾಗುತ್ತದೆ ಎನ್ನುವಷ್ಟರ ಮಟ್ಟಿಗೆ ಮನಸ್ಸು ಕೆಟ್ಟಿತು.

ಉತ್ತರ ಸಿಕ್ಕಿದ್ದು ತರಗತಿಯಲ್ಲಿ. ಹಳೆಯ ಕಾಲದಲ್ಲಿ ಬರೆಯುವ ಮಸಿ ಮಾಡುತ್ತಿದ್ದುದು ಹೇಗೆ ಎಂದು ವಿವರಿಸುತ್ತಿದ್ದೆ. "ಅಳಲೆಕಾಯಿಯಂಥ ಒಗರಿನ ರಸಕ್ಕೆ ಕಬ್ಬಿಣದ ಅಂಶ ಸೇರಿದರೆ ತಕ್ಷಣ ಕಡುನೀಲಿ, ಕಪ್ಪು..." ಎಂದವನು ಅಲ್ಲಿಗೇ ನಿಂತುಬಿಟ್ಟೆ. ನಮ್ಮ ಕಟ್ಟಡಕ್ಕೆ ಬರುವುದು ಕೊಳವೆ ಬಾವಿಯ ನೀರು. ಬಕೆಟ್ಟಿನ ಒಳಗೆಲ್ಲ ತುಕ್ಕಿನ ಗೆರೆ, ನನ್ನ ಬಿಳಿ ಅಂಗಿಗಳೆಲ್ಲ ಹಳದಿ. ಅಷ್ಟು ಕಬ್ಬಿಣದ ನೀರನ್ನು ಒಗರು ಕುಡಿದ ಚರ್ಮಕ್ಕೆ ಬಳಿದು ನಾನು ದಿನಾ ಮಸಿ ತಯಾರಿಸುತ್ತಿದ್ದೆ! ಇದನ್ನೇ ವರ್ಷವರ್ಷವೂ ಮಕ್ಕಳಿಗೆ ಕಲಿಸಿ, ಪರೀಕ್ಷೆಯಲ್ಲಿ ಕೇಳಿ, ಬರೆಯದವರ ಅಂಕ ಕತ್ತರಿಸಿದವನು ನಾನು. ಸೀಮೆಸುಣ್ಣ ಹಿಡಿದು ಬಾಯಿ ತೆರೆದು ನಿಂತ ನನ್ನನ್ನು ನೋಡಿ ಮುಂದಿನ ಬೆಂಚಿನ ಹುಡುಗಿ ಗಾಬರಿಯಿಂದ, "ಸರ್, ಬೋಷುನ್, ಕೂತ್ಕೊಳ್ಳಿ ಸರ್" ಎಂದು ಕುರ್ಚಿ ಎಳೆದಳು. ಕೂತೆ.

ಪ್ರಯೋಗಾಲಯದ ಭಟ್ಟಿ ಇಳಿಸಿದ ನೀರು ತಂದು ಮಾಡಿದ ಮೇಲೆ ಕೆಂಪು ಬಂತು. ನಾಗರಪಂಚಮಿಯ ದಿನ ಹೆಂಗಸರು ಇಡುವ ಕುಂಕುಮದ ಕೆಂಪು. ನಾನು ಬಾಲ್ಕನಿಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ. ಹೊಲಿದೆ. ಆದರೆ ಅಷ್ಟರಲ್ಲಿ ಪೂಜೆ ಬಂದೇಬಿಟ್ಟಿತ್ತು. ಬಣ್ಣ ಹಾಕಿದ ಚರ್ಮವನ್ನು ಒಣಗಿಸಿ, ಬಟ್ಟೆಗೆ ಬಣ್ಣ ಹತ್ತುವುದು ನಿಲ್ಲುವ ತನಕ ತಿಕ್ಕಿ, ಮೇಲೆ ಮೆರುಗಿನ ಪದರ ಕೊಡಬೇಕು. ಈ ಊರಿನ ಹವೆಯಲ್ಲಿ ಬನಿಯನ್ನೇ ಒಣಗುವುದಿಲ್ಲ, ಚರ್ಮ ಎಲ್ಲಿಂದ ಒಣಗಬೇಕು. ನಾನು ತಿಕ್ಕಿದೆ. ಬಟ್ಟೆ ಕೆಂಪಾಯಿತು. ಮತ್ತೆ ತಿಕ್ಕಿದೆ. ಮತ್ತೆ ಕೆಂಪು.

"ಬಟ್ಟಿಗೆ ಇನ್ನೂ ಬಣ್ಣ ಹತ್ತಲಿಕ್ಕತ್ತದಲ್ರೀ," ಎಂದಳು ಗಿರಿಜಾ.

"ಅದು ಮ್ಯಾಲಿನ ಧೂಳು. ಹಂಗ ಇರ್ತದ," ಎಂದು ಮೆರುಗು ಬಳಿದುಬಿಟ್ಟೆ.

ಅಷ್ಟಮಿಯ ಬೆಳಗ್ಗೆ ಅವರ 'ಪಾಡಾ'ದ, ಅಂದರೆ ಓಣಿಯ, ಪೂಜಾ ಪೆಂಡಾಲಿಗೆ ಹೋದೆವು. ಕಾಬೇರಿಯವರು ಕೆನೆಬಣ್ಣದ, ಕೆಂಪಂಚಿನ ಗರದ್ ರೇಷ್ಮೆ ಸೀರೆ ಉಟ್ಟು ಬಂದಿದ್ದರು, ಹೆಗಲಲ್ಲಿ ನನ್ನ ಚೀಲ. ಸಿಕ್ಕವರಿಗೆಲ್ಲ ತಿರುಗಿಸಿ ತೋರಿಸುತ್ತಿದ್ದರು. ದೇವಿಗೆ ಹೂವಿನ ಅಂಜಲಿ ಕೊಡುವಾಗ ಚರ್ಮ ಬೇಡವೆಂದು ಚೀಲವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಅವರು ಮರಳಿ ಬಂದು ಇಸಿದುಕೊಂಡಾಗ ನನ್ನ ಅಂಗೈ ನೋಡಿಕೊಂಡೆ. ಮೆಹೆಂದಿ ಹಚ್ಚಿಸಿಕೊಂಡ ಮದುಮಗಳ ಕೈಯಂತಿತ್ತು. ಆಗಲೇ ಬಾಯಿಬಿಟ್ಟು ಹೇಳಬೇಕಿತ್ತು. ನನ್ನ ಕೈ ಬೆವರುವುದು ಜಾಸ್ತಿ, ಹೆಂಗಸರ ಹೆಗಲು ಅಷ್ಟು ಬೆವರಲಾರದು ಎಂದೇನೋ ಲೆಕ್ಕ ಹಾಕಿ, ಎರಡೂ ಕೈಗಳನ್ನು ಕಿಸೆಗೆ ಇಳಿಸಿದೆ. ಭೋಗ್ ಎಂಬ ಪ್ರಸಾದದ ಊಟದ ಸಾಲಿನಲ್ಲಿ ನಿಂತಾಗ ಸಣ್ಣಗೆ ಮಳೆ ಹನಿಯಿತು. ಬಿಸಿಲೂ ಇತ್ತು. ನಾನು ಅವರ ಹಿಂದೆಯೇ ನಿಂತಿದ್ದೆ. ಹೆಗಲಿಂದ ಒಂದು ಕೆಂಪು ಗೆರೆ ಇಳಿಯಿತು. ಸೊಂಟದ ಹತ್ತಿರ ಅಂಗೈಯಗಲ ಹರಡಿತು. ಭೂಮಿ ಬಿರಿದರೆ ಇಳಿದುಹೋಗೋಣ ಎಂದು ಕಾಯ್ದೆ. ಈ ಊರಿನಲ್ಲಿ ಭೂಮಿ ಮೆಟ್ರೋದವರಿಗಲ್ಲದೆ ಯಾರಿಗೂ ಬಿರಿಯುವುದಿಲ್ಲ.

ಪಕ್ಕದ ಸಾಲಿನ ಹೆಂಗಸೊಬ್ಬರು ಚೀರಿದರು: "ಓ ಮಾ! ಕಾಬೇರಿದಿ! ರೊಕ್ತೊ! ರಕ್ತ!"

ಮುಂದೆ ನಡೆದದ್ದನ್ನು ಹೇಗೆ ಹೇಳಲಿ. ಯಾರೋ ಅವರನ್ನು ಹಿಡಿದರು, ಯಾರೋ ಕುರ್ಚಿ ತಂದರು, ಯಾರೋ ಮುಖಕ್ಕೆ ನೀರು ಚಿಮುಕಿಸಿದರು. ಆ ನೀರಿಗೆ 'ರಕ್ತ' ಇನ್ನಷ್ಟು ಹರಿಯಿತು. ಪೆಂಡಾಲಿನ ಮೈಕಿನಲ್ಲಿ, ನೆರೆದವರಲ್ಲಿ ಡಾಕ್ಟರು ಯಾರಾದರೂ ಇದ್ದರೆ ಕೂಡಲೇ ಬರಬೇಕೆಂದು ಕೂಗಿದರು. ಬಂದವರು ಹಲ್ಲಿನ ಡಾಕ್ಟರು. ಶೌಭಿಕ್ "ಮಾ! ಮಾ!" ಎನ್ನುತ್ತ ಜನರನ್ನು ತಳ್ಳಿಕೊಂಡು ಓಡಿಬಂದ. ಏನೂ ನೋವಿಲ್ಲದ ಕಾಬೇರಿಯವರು ತಮ್ಮ ಕೆಂಪು ಕೈಗಳನ್ನು ನೋಡಿಕೊಂಡು ನಿಜಕ್ಕೂ ಬಿಳಿಚಿಕೊಂಡರು. ನಾನು ಜನರ ನಡುವೆ ಎರಡೂ ಕೆಂಪು ಕೈಗಳನ್ನೆತ್ತಿ, ನನಗೆ ಬರುವ ಹಿಂದಿಯಲ್ಲಿ ಕೂಗಿದೆ: "ಖೂನ್ ನಹೀ ಹೈ! ಯೇ ಮೈನೇ ಕಿಯಾ ಹೈ!" ರಕ್ತವಲ್ಲ, ಇದನ್ನು ಮಾಡಿದವನು ನಾನು. ಅರ್ಧ ಜನರಿಗೆ ಎರಡನೆಯ ವಾಕ್ಯ ಮಾತ್ರ ಕೇಳಿಸಿತು. ಇಬ್ಬರು ಸ್ವಯಂಸೇವಕರು ನನ್ನ ರಟ್ಟೆ ಹಿಡಿದುಕೊಂಡರು.

ಎಲ್ಲ ತಿಳಿಯಾದ ಮೇಲೆ ಕಾಬೇರಿಯವರು ಸೆರಗನ್ನು ಸುತ್ತಿಕೊಂಡು ಮನೆಗೆ ನಡೆದರು. ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಮೇಘನಾ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: "ಅಪ್ಪಾ, ಅದು ಕಾಬೇರಿ ಆಂಟಿಯ ಅಮ್ಮನ ಸ್ಯಾರಿ. ಅಷ್ಟಮಿಗೆ ಓನ್ಲಿ ಉಡ್ತಾರೆ. ಪ್ಲೀಸ್, ಅಬ್ ಕುಛ್ ಮತ್ ಕರೋ, ಇನ್ನೇನೂ ಮಾಡಬೇಡಿ." ಅವಳ ಕಣ್ಣು ತುಂಬಿತ್ತು. ಸೀರೆಯನ್ನು ತಂದು ನಾನೇ ಕಲೆ ತೆಗೆದುಕೊಡಲೇ ಎಂದು ಕೇಳಿದ್ದಕ್ಕೆ ಗಿರಿಜಾ, "ಕೈ ಹಚ್ಚಿದ್ರ ನೋಡ್ರಿ!" ಎಂದಳು. ಆ ಹಬ್ಬದಲ್ಲಿ ನಾವು ಇನ್ನೊಂದು ಪೆಂಡಾಲನ್ನೂ ನೋಡಲಿಲ್ಲ. ಹೊರಗೆ ಪೂಜೆಯ ಢಾಕ್ ಡೋಲು ಬಡಿಯುತ್ತಿತ್ತು, ನಾನು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದೆ.

ವಿಜಯದಶಮಿ ಕಳೆದ ಮೇಲೆ ಗಿರಿಜಾ ತನ್ನ ತಾಯಿಯ ಇಳಕಲ್ ಸೀರೆಯನ್ನು ಟ್ರಂಕಿನಿಂದ ತೆಗೆದು, "ಏಳ್ರಿ, ಹೋಗಿ ಬರೋಣು" ಎಂದಳು. ಆ ಸೀರೆಯನ್ನು ಅವಳು ತನ್ನ ಮಗಳಿಗೂ ಮುಟ್ಟಗೊಡುತ್ತಿರಲಿಲ್ಲ. ಕಾಬೇರಿಯವರ ಮನೆಯಲ್ಲಿ ಅದನ್ನು ಅವರ ಮಡಿಲಿಗಿಟ್ಟಳು. ಅವರು ಸೆರಗನ್ನು ಬಿಚ್ಚಿ ನೋಡಿದರು, ಸವರಿದರು. ಮತ್ತೆ ಮಡಿಸಿ ಗಿರಿಜಾಳ ಕೈಗೇ ಕೊಟ್ಟರು.

"ನಿಮ್ಮವರು ನನ್ನ ಅಮ್ಮನ ಸೀರೆ ಕೆಡಿಸಿದರೆಂದು ನೀವು ನಿಮ್ಮ ಅಮ್ಮನ ಸೀರೆ ಕೊಟ್ಟುಬಿಟ್ಟರೆ, ಅಮ್ಮನ ಸೀರೆ ಇಲ್ಲದವರು ಇಬ್ಬರಾಗುತ್ತೇವೆ ಅಷ್ಟೇ, ದಿದಿ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ದಾದಾ, ನೀವು ಕೆಮಿಸ್ಟ್ರಿಯವರು. ನಿಜ ಹೇಳಿ, ಈ ಕಲೆ ಹೋಗುತ್ತದೋ ಇಲ್ಲವೋ?"

"ಹೋಗುವುದಿಲ್ಲ," ಎಂದೆ.

ಅವರು ಚಹಾ ಮಾಡಲು ಎದ್ದರು. ಗಿರಿಜಾ ಅವರ ಹಿಂದೆಯೇ ಅಡುಗೆಮನೆಗೆ ಹೋದಳು. ಒಳಗಿಂದ ಮೊದಲು ಮೂಗು ಸೀನುವ ಸದ್ದು, ಬಹಳ ಹೊತ್ತಿನ ಮೇಲೆ ನಗು ಕೇಳಿಸಿತು. ನನ್ನ ಬಗ್ಗೆಯೇ ಇರಬೇಕು. ಇಬ್ಬರಿಗೂ ಚೆನ್ನಾಗಿ ಬರುವ ಭಾಷೆ ಒಂದೂ ಇರಲಿಲ್ಲ, ನಾನೊಬ್ಬ ಸಾಕಾದೆ.

ಮದುವೆಗೆ ಮೊದಲು ಇವರಲ್ಲಿ ಆಶೀರ್ವಾದ ಎಂಬ ಶಾಸ್ತ್ರವಿದೆ. ಅದಕ್ಕೆ ಕಾಬೇರಿಯವರು ಅದೇ ಗರದ್ ಸೀರೆ ಉಟ್ಟು ಬಂದರು. ಕಲೆಯ ಮೇಲೆ ಸೆರಗು ಹೊದ್ದಿದ್ದರು. ತಮ್ಮ ಅಕ್ಕತಂಗಿಯರಿಗೆ, ಭಾವಮೈದುನರಿಗೆ, ಸೋದರತ್ತೆಗೆ ಒಬ್ಬೊಬ್ಬರಿಗೂ, "ಇವರು ನಮ್ಮ ಬೀಗರು, ಕೆಮಿಸ್ಟ್ರಿ ಪ್ರೊಫೆಸರು" ಎಂದು ನನ್ನನ್ನು ಪರಿಚಯಿಸಿ, ಸೆರಗು ಸರಿಸಿ, "ಇದು ಇವರದೇ ಕೆಲಸ" ಎಂದು ತೋರಿಸಿದರು. ಎಲ್ಲರೂ ನಕ್ಕರು. ನಾನೂ ಕೈಮುಗಿದು ನಿಂತು ನಗಬೇಕಾಯಿತು. ಅವರಲ್ಲಿ ಶ್ರಾದ್ಧಕ್ಕೂ ನಾಮಕರಣಕ್ಕೂ ನೆಂಟರೆಲ್ಲ ಸೇರುತ್ತಾರಂತೆ. ನನ್ನ ಉಳಿದ ಆಯುಷ್ಯ ಹೇಗೆ ಕಳೆಯಲಿದೆ ಎಂದು ಅಂದಾಜಾಯಿತು.

ಆದರೆ ಒಂದು ಮಾತು ಇದೆ, ಇದನ್ನು ಗಿರಿಜಾಳಿಗೂ ಹೇಳಿಲ್ಲ. ಆ ಸೀರೆಯನ್ನು ಊರಿನ ಒಳ್ಳೊಳ್ಳೆಯ ಡ್ರೈಕ್ಲೀನರುಗಳೆಲ್ಲ ತಿಕ್ಕಿ ಸೋತಿದ್ದಾರೆ. ಅವರು ಸೆರಗು ಸರಿಸಿದಾಗಲೆಲ್ಲ ನಾನು ತಲೆ ತಗ್ಗಿಸುತ್ತೇನೆ. ಎಲ್ಲರೂ ಅದನ್ನು ನಾಚಿಕೆ ಎಂದುಕೊಂಡಿದ್ದಾರೆ. ನಾನು ತಗ್ಗುವುದು ಹತ್ತಿರದಿಂದ ನೋಡಲಿಕ್ಕೆ. ಒಂದು ಚುಕ್ಕೆಯಿಲ್ಲ, ಎಲ್ಲೂ ಮಾಸಲು ಇಲ್ಲ, ಅಂಚಿನಿಂದ ಅಂಚಿಗೆ ಒಂದೇ ಸಮನಾದ ಕೆಂಪು. ಅಷ್ಟು ಚೆನ್ನಾದ ಬಣ್ಣ ನಾನು ಇವತ್ತಿನವರೆಗೆ ಯಾವ ಚರ್ಮಕ್ಕೂ ಹಾಕಿಲ್ಲ.