ಮಂಗ್ಯಾಗೋಳ ಟೈಮ್ ಟೇಬಲ್

ಬಾದಾಮಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಶಂಕರಲಿಂಗನಿಗೆ ಸಂಕಟ ಶುರುವಾದದ್ದು ಕಂಪ್ಯೂಟರಿನ ಒಂದು ಗುಂಡಿ ಒತ್ತಿದ್ದರಿಂದ.

ಆರು ವರ್ಷಗಳಿಂದ ಅವನು ಊರಿನ ಮೂರು ಹಿಂಡು ಮಂಗಗಳ ಬೆನ್ನು ಹತ್ತಿದ್ದ. ಯಾವ ಹಿಂಡು ಗುಡ್ಡದಿಂದ ಎಷ್ಟು ಗಂಟೆಗೆ ಇಳಿಯುತ್ತದೆ, ಯಾವ ಓಣಿಯ ಮಾಳಿಗೆ ಏರುತ್ತದೆ, ಏನು ಕಸಿದು ತಿನ್ನುತ್ತದೆ, ಎಲ್ಲವನ್ನೂ ನಿಮಿಷ ಸಮೇತ ಬರೆದಿಟ್ಟಿದ್ದ. ಯಾರಾದರೂ ಕದ್ದು ತಮ್ಮ ಹೆಸರಿನಲ್ಲಿ ಪ್ರಬಂಧ ಬರೆದುಬಿಟ್ಟರೆ ಎಂಬ ಭಯಕ್ಕೆ ಆ ವಹಿಗಳನ್ನು ಹೆಂಡತಿ ಮಾದೇವಿಗೂ ತೋರಿಸಿರಲಿಲ್ಲ.

ಆದರೆ ಸಂಶೋಧನೆಗೆ ನೆರವು ಕೊಡುವ ಸಂಸ್ಥೆ ಈ ಸಲ ಪಟ್ಟು ಹಿಡಿದಿತ್ತು. ಮಾಹಿತಿಯನ್ನೆಲ್ಲ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡಬೇಕು, ಇಲ್ಲವಾದರೆ ಯೋಜನೆ ಬಂದ್. ಅದೂ ಸಾಲದೆ, ಬರೆದದ್ದು ನಿಜವೋ ಅಲ್ಲವೋ ನೋಡಲು ಸೋಮವಾರ ಧಾರವಾಡದಿಂದ ಬಸವೇಶ್ವರಿ ಎಂಬ ಹಿರಿಯ ವಿಜ್ಞಾನಿ ಬರುವವರಿದ್ದರು.

ಶನಿವಾರ ಕಂಪ್ಯೂಟರ್ ಉಪನ್ಯಾಸಕಿ ಐಶ್ವರ್ಯ ಎಲ್ಲವನ್ನೂ ಸಿದ್ಧಪಡಿಸಿಕೊಟ್ಟಳು. ಶಂಕರಲಿಂಗ ಮೌಸಿನ ಮೇಲೆ ಬೆರಳಿಟ್ಟು ಮತ್ತೆ ತೆಗೆದ.

"ಯಾರರ ಕದ್ದರ ಏನ್ ಮಾಡ್ಲಿ?"

"ಕದಿಯೂದು ಎಲ್ಲಿಂದ ಬಂತ್ರಿ ಸರ್, ನಾವ ಕೊಡಾಕತ್ತೇವಿ. ಮ್ಯಾಲ ನಿಮ್ಮ ಹೆಸರು ಇರ್ತದ. ನಿಮಗ ಕಾಣದ್ದು ಇದರಾಗ ಇನ್ನೊಬ್ಬರಿಗೆ ಕಾಣಬಹುದು. ಒತ್ತರಿ."

ಹಲ್ಲು ಕೀಳಿಸಿಕೊಳ್ಳುವವನಂತೆ ಕಣ್ಣು ಮುಚ್ಚಿ ಒತ್ತಿದ.

ಭಾನುವಾರ ಸಂಜೆಯ ತನಕ ಅದನ್ನು ಇಳಿಸಿಕೊಂಡವನು ಒಬ್ಬನೇ, ಅವನೇ. ಸೋಮವಾರ ಬೆಳಿಗ್ಗೆ ನೋಡಿದರೆ ನಾನೂರ ಹನ್ನೆರಡು ಮಂದಿ. ದೇಶ ವಿದೇಶದ ಪಂಡಿತರೆಲ್ಲ ತನ್ನ ಮಂಗಗಳನ್ನು ಓದುತ್ತಿದ್ದಾರೆಂದು ಶಂಕರಲಿಂಗ ಎದೆಯುಬ್ಬಿಸಿಕೊಂಡು, ಬಸವೇಶ್ವರಿಯವರನ್ನು ಸಂತೆ ರಸ್ತೆಗೆ ಕರೆದೊಯ್ದ.

"ಎಂಟು ನಲವತ್ತಕ್ಕ ಹದಿನೇಳು ಮಂಗ್ಯಾ ಇಲ್ಲಿ ಇಳೀತಾವ್ರಿ ಮೇಡಮ್. ಸೀದಾ ಮುರ್ತುಜಸಾಬರ ಬಾಳಿಹಣ್ಣಿನ ಗಾಡಿಗೆ ಕೈ ಹಾಕ್ತಾವು."

ಎಂಟು ನಲವತ್ತಕ್ಕೆ ಹದಿನೇಳೂ ಇಳಿದವು. ಗಾಡಿ ಮಾತ್ರ ತಾಡಪತ್ರಿ ಹೊದ್ದು, ಹಗ್ಗ ಬಿಗಿದುಕೊಂಡು ನಿಂತಿತ್ತು. ಆಫೀಸಿಗೆ ಬೀಗ ಹಾಕಿದ್ದನ್ನು ಕಂಡ ಅರ್ಜಿದಾರರಂತೆ ಮಂಗಗಳು ಒಂದರ ಮುಖ ಒಂದು ನೋಡಿಕೊಂಡು, ದಿನದ ದಾರಿ ಬಿಟ್ಟು ಬೇರೆ ಕಡೆ ನಡೆದವು. ಬಸವೇಶ್ವರಿ ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಒಂಬತ್ತಕ್ಕೆ ಮುರ್ತುಜಸಾಬ ಬಂದು ಹಗ್ಗ ಬಿಚ್ಚಿದ.

"ಇವತ್ತ ಯಾಕ ಮುಚ್ಚಿದ್ರಿ?" ಎಂದು ಶಂಕರಲಿಂಗ ಹಲ್ಲು ಕಡಿದು ಕೇಳಿದ.

"ನಿಮ್ಮ ಟೈಮ್ ಟೇಬಲ್ ನೋಡೇ ಮುಚ್ಚೀನ್ರಿ ಸರ್ರ." ಮುರ್ತುಜಸಾಬ ಮೊಬೈಲ್ ತೋರಿಸಿದ. ಝೆರಾಕ್ಸ್ ಅಂಗಡಿಯ ಬೀರೇಶ ಹಿಂದಿನ ರಾತ್ರಿ ಆರು ವರ್ಷದ ಮಾಹಿತಿಯನ್ನು ಒಂದೇ ಹಾಳೆಗೆ ಇಳಿಸಿ, 'ಮಂಗ್ಯಾಗೋಳ ಟೈಮ್ ಟೇಬಲ್' ಎಂದು ಹೆಸರಿಟ್ಟು ಊರಿನ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದ್ದ. ಕೆಳಗೆ ಶಂಕರಲಿಂಗನ ಹೆಸರು, ಫೋಟೊ, ಎರಡು ಕೈ ಮುಗಿದ ಚಿತ್ರ, ಪೂರ್ತಿ ಮಾಹಿತಿ ಇಳಿಸಿಕೊಳ್ಳುವ ಕೊಂಡಿ. ಆ ನಾನೂರ ಹನ್ನೆರಡು ಮಂದಿ ಪಂಡಿತರಲ್ಲ, ಊರಿನವರೇ.

"ಆರು ವರ್ಷ ನನ್ನ ಎದುರಿಗೇ ಕುಂತಿದ್ರಿ. ಎಷ್ಟೊತ್ತಿಗೆ ಬರ್ತಾವಂತ ನಿಮಗ ಗೊತ್ತಿತ್ತು. ಒಂದು ಮಾತು ಹೇಳಿದ್ರ ಏನಾಗ್ತಿತ್ತು ಸರ್ರ?"

ಹಣ್ಣು ಹೋಗುವುದನ್ನು ಶಂಕರಲಿಂಗ ನಿಜವಾಗಿಯೂ ಎಣಿಸುತ್ತ ಕುಳಿತಿದ್ದ. ಹಣ್ಣಿನವನು ಅವನ ವಹಿಯಲ್ಲಿ ಎಲ್ಲೂ ಇರಲಿಲ್ಲ.

ಒಂಬತ್ತೂವರೆಗೆ ಸಾವಿತ್ರೆವ್ವನ ಮಾಳಿಗೆ. ವಹಿಯ ಪ್ರಕಾರ ಅಲ್ಲಿ ಸಂಡಿಗೆ ಲೂಟಿಯಾಗಬೇಕಿತ್ತು. ಸಾವಿತ್ರೆವ್ವ ಸಂಡಿಗೆಯನ್ನೆಲ್ಲ ಒಳಗಿಟ್ಟು, ಸಂಡಿಗೆ ಒಣಗಿಸುವ ಸೀರೆಯನ್ನಷ್ಟೇ ಹಾಸಿಕೊಂಡು ಕೂತಿದ್ದಳು.

"ಮೇಡಮ್ಮಾರ, ಈ ಸರ್ ಭಾಳ ಶ್ಯಾಣ್ಯಾ ಅದಾರ್ರಿ," ಎಂದಳು. "ನನ್ನ ಸಂಡಗಿ ಹೋಗುವಾಗ ಆಚಿ ಮಾಳಗಿ ಮ್ಯಾಲ ಕುಂತು ಬರಕೋತಿದ್ರು. ನಾ ಬೈಕೊಂಡದ್ದಕ್ಕ ಲೆಕ್ಕಿಲ್ಲ. ಈಗ ಬರದದ್ದು ನಮಗ ಕೊಟ್ಟಾರ. ತಡಾ ಆದ್ರೂ ಕೊಟ್ರಲ್ಲ, ದೊಡ್ಡವರು."

ಹೋಟೆಲಿನ ಹಿಂಬಾಗಿಲು, ಬಸ್ ನಿಲ್ದಾಣ, ಹಜರತಬಿಯ ಶೇಂಗಾ ಬುಟ್ಟಿ, ಎಲ್ಲಿ ಹೋದರೂ ಇದೇ ಕತೆ. ಮಂಗ ಬರುವ ನಿಮಿಷಕ್ಕೆ ಸರಿಯಾಗಿ ಊರು ಬಾಗಿಲು ಹಾಕಿಕೊಳ್ಳುತ್ತಿತ್ತು. ಊಟದ ಹೊತ್ತಿಗೆ ಬಸವೇಶ್ವರಿ ಪುಸ್ತಕ ಮುಚ್ಚಿದರು.

"ನೀವು ಬರದದ್ದು ಇವತ್ತ ಒಂದೂ ಹೊಂದಲಿಲ್ಲಲ್ರಿ."

ಯೋಜನೆ ಹೋಯಿತು ಎಂದುಕೊಂಡು ಶಂಕರಲಿಂಗ ಬೆವರು ಒರೆಸಿಕೊಳ್ಳುವಾಗ ಮಾದೇವಿಯ ಫೋನು ಬಂತು.

"ಊರಿಗೆಲ್ಲ ಹಂಚೀರಂತ. ಮನ್ಯಾಗಿನಾಕಿಗೆ ಹೇಳಾಕ ಬಾಯಿ ಇರಲಿಲ್ಲೇನು? ಮೂರೂ ಹಿಂಡು ಇಲ್ಲೇ ಅದಾವು. ಮೇಡಮ್ಮಾರಿಗೆ ಮಾಡಿದ್ದ ಹೋಳಗಿ ಮುಗಸಿ, ಈಗ ಬದನಿಕಾಯಿ ಎಣಗಾಯಿಗೆ ಕುಂತಾವು."

ಊರಿನಲ್ಲಿ ಟೈಮ್ ಟೇಬಲ್ ಮುಟ್ಟದೆ ಉಳಿದಿದ್ದು ಅದನ್ನು ಬರೆದವನ ಮನೆಯೊಂದೇ.

ಆಟೊ ಹತ್ತಿ ಓಡಿಬಂದರು. ಕಂಪೌಂಡಿನ ಮೇಲೆ ನಲವತ್ತು ಮಂಗಗಳು ಮದುವೆ ಪಂಕ್ತಿಯಲ್ಲಿ ಕುಳಿತಂತೆ ಸಾಲಾಗಿ ಕುಳಿತಿದ್ದವು. ಬಸವೇಶ್ವರಿ ಗೇಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಶಂಕರಲಿಂಗ ಅವರ, ನಿಮ್ಮ ಮಾಹಿತಿ ಸುಳ್ಳಲ್ಲ. ಊರ ಮಂದಿ ನಂಬಿ ಗಾಡಿ ಮುಚ್ಚುವಷ್ಟು ಖರೆ ಐತಿ. ನಾ ಎಷ್ಟೋ ಸಂಶೋಧನಾ ನೋಡೇನಿ, ಎರಡ ದಿನದಾಗ ಜನರ ಕೈಗೆ ಬಂದದ್ದು ಇದೊಂದ. ಯೋಜನಾ ಮುಂದುವರೀತದ."

ಶಂಕರಲಿಂಗ ಉಸಿರು ಬಿಡುವಷ್ಟರಲ್ಲಿ ಅವರು ಮುಂದುವರಿಸಿದರು. "ಆದ್ರ ಹಳೇದು ಇವತ್ತಿಗೆ ಮುಗೀತು. ಮಂಗ್ಯಾಗೋಳು ದಾರಿ ಬದಲಿ ಮಾಡ್ಯಾವು. ಇನ್ನ ಆರು ವರ್ಷ ಮೊದಲಿಂದ ಎಣಸ್ರಿ. ಈ ಸಲ ಒಬ್ಬರ ಕುಂದ್ರಬ್ಯಾಡ್ರಿ, ಊರವರನ್ನೂ ಕರ್ಕೊಳ್ರಿ."

ಐಶ್ವರ್ಯ ಮಧ್ಯಾಹ್ನವೇ ಯಾರು ಬೇಕಾದರೂ ಬರೆಯಬಹುದಾದ ಹೊಸ ಪುಟ ತೆರೆದಳು. ಬೀರೇಶ ಅದನ್ನೂ ಎಲ್ಲರಿಗೂ ಕಳಿಸಿದ. ಸಂಜೆ ಐದಕ್ಕೆ ಶಂಕರಲಿಂಗನ ಮಾಳಿಗೆಯ ಮೇಲೆ ಇಪ್ಪತ್ತು ಮಂದಿ ಮೊಬೈಲ್ ಹಿಡಿದು ಕುಳಿತಿದ್ದರು. ಅವನು ಒಂದು ತಿಂಗಳಿಗೆ ಬರೆಯುತ್ತಿದ್ದಷ್ಟನ್ನು ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದ್ದರು. ಬಾಲ ಮುರಿದ ಹೆಣ್ಣು ಮಂಗವೇ ಮುಂದಾಳು ಎಂದು ಸಾವಿತ್ರೆವ್ವ ಬರೆಸಿದ್ದಳು. ಆರು ವರ್ಷದಲ್ಲಿ ಅದು ಶಂಕರಲಿಂಗನ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ಓದಿ ಅವನು ಹೊಟ್ಟೆಕಿಚ್ಚನ್ನೂ ಮರೆತು, ಮೆಚ್ಚಿ ತಲೆದೂಗಿದ.

ಹಾಗೆ ತೂಗುತ್ತಿದ್ದ ತಲೆಯಿಂದ ಅದೇ ಹೆಣ್ಣು ಮಂಗ ಅವನ ಕನ್ನಡಕವನ್ನು ಕಿತ್ತುಕೊಂಡು ನೀರಿನ ಟಾಕಿ ಏರಿತು.

"ಓಡಸ್ರಿ ಅದನ್ನ," ಎಂದ ಶಂಕರಲಿಂಗ.

ಯಾರೂ ಏಳಲಿಲ್ಲ. ಇಪ್ಪತ್ತು ತಲೆಗಳು ಮೊಬೈಲಿನ ಮೇಲೆ ಬಾಗಿದವು.

"ತಡೀರಿ ಸರ್," ಎಂದಳು ಸಾವಿತ್ರೆವ್ವ, "ಬರಕೊಳ್ಳಾಕತ್ತೇವಿ."

"ಚಾಳೀಸು ತಿನ್ನೂ ಸಾಮಾನಿನಾಗ ಹಾಕ್ಲ್ಯೋ, ಉಳಿದದ್ದರಾಗ ಹಾಕ್ಲ್ಯೋ?" ಮುರ್ತುಜಸಾಬ ಕೇಳಿದ.

"ಉಳಿದದ್ದರಾಗ," ಎಂದ ಶಂಕರಲಿಂಗ.

"ಐದೂವರಿ ಅಂತ ಬರೀಲ್ರಿ?"

ಶಂಕರಲಿಂಗ ಕೈಗಡಿಯಾರವನ್ನು ಮೂಗಿನ ತನಕ ತಂದು, ಕಣ್ಣು ಕಿರಿದು ಮಾಡಿ ನೋಡಿದ.

"ಐದು ಮೂವತ್ತೆರಡು," ಎಂದ. "ಸರಿಯಾಗಿ ಬರೀರಿ."