ಸರ್ವೀಸಿಗೆ ಹೋಗಿ ದೀಪ ಹಚ್ಚಿಕೊಂಡು ಬಂದ ಕಾರು

ಚೆನ್ನಾಗಿರುವ ವಸ್ತುವನ್ನು ‘ಇನ್ನೂ ಚೆನ್ನಾಗಿರಲಿ’ ಎಂದು ಇನ್ನೊಬ್ಬರ ಕೈಗೆ ಕೊಟ್ಟರೆ ಅದು ಏನಾದರೊಂದು ಹೊಸ ರೋಗ ಅಂಟಿಸಿಕೊಂಡೇ ಮನೆಗೆ ಬರುತ್ತದೆ. ನನ್ನ ಬದುಕಿನಲ್ಲಂತೂ ಇದು ಒಂದು ಸಲವೂ ತಪ್ಪಿಲ್ಲ. ಕೈಗಡಿಯಾರಕ್ಕೆ ಪಟ್ಟಿ ಬದಲಿಸಲು ಕೊಟ್ಟೆ; ಪಟ್ಟಿ ಹೊಸದಾಯಿತು, ಮುಳ್ಳು ನಿಂತುಹೋಯಿತು. ಮಿಕ್ಸಿ ಜಾರಿನ ಬ್ಲೇಡು ಸಾಣೆಗೆ ಕೊಟ್ಟೆ. ಬ್ಲೇಡು ಹರಿತವಾಗಿ ಬಂತು, ಮುಚ್ಚಳ ಇನ್ಯಾರದೋ ಮನೆಯದು ಬಂತು. ಇಷ್ಟಾದರೂ ಬುದ್ಧಿ ಬರದೆ ಹೋದ ವರ್ಷ ಕಾರನ್ನು ಸರ್ವೀಸಿಗೆ ಬಿಟ್ಟೆ.

೧. ಬೀಗರೂಟದಲ್ಲಿ ಕೊಟ್ಟ ಮಾತು

ನಾನು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ವಾಸ ಶ್ರೀರಂಗಪಟ್ಟಣ. ಮೂವತ್ತು ವರ್ಷ ವಿಷಲ್ ಊದಿ ಊದಿ, ಊದಿದ ತಕ್ಷಣ ಜಗತ್ತು ಸಾಲಾಗಿ ನಿಲ್ಲಬೇಕು ಎಂಬ ನಂಬಿಕೆ ಬೆಳೆದುಬಿಟ್ಟಿದೆ. ನಿಲ್ಲದಿದ್ದರೆ ಸಿಟ್ಟು ಬರುತ್ತದೆ. ಬರುವುದೇನು, ಮೂಗಿನ ತುದಿಯಲ್ಲೇ ಇರುತ್ತದೆ.

ನಾಗಮಂಗಲದಲ್ಲಿ ನನ್ನ ಹೆಂಡತಿಯ ಕಡೆಯವರದೊಂದು ಬೀಗರೂಟ. ಪಕ್ಕದ ಎಲೆಗೆ ಕೂತಿದ್ದವನು ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಕೆ.ಆರ್. ಪೇಟೆ ಕಡೆ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವನು. ಹಸು ಕೊಳ್ಳುವಾಗ ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೂ ಮಾರುವವನ ಮುಖವನ್ನೇ ಐದು ನಿಮಿಷ ದಿಟ್ಟಿಸುವ ಆಸಾಮಿ.

“ಅಣ್ಣ, ನೀವು ಕಾರು ಕೊಟ್ಬುಡ್ತೀರಂತೆ? ಬ್ಯಾರೆಯೋರಿಗೆ ಕೊಡ್ಬ್ಯಾಡಿ, ನಂಗೇ ಇರ್ಲಿ” ಅಂದ.

ನಿಜ, ಕೊಡಬೇಕೆಂದಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು, ನನಗೆ ಸ್ಕೂಟರೊಂದೇ ಸಾಕಿತ್ತು. ಆದರೆ ಬೋಟಿ ಗೊಜ್ಜು ಎರಡನೇ ಸಲ ಬಡಿಸಿದ ಹೊತ್ತಿನಲ್ಲಿ ಮನುಷ್ಯ ಮಾತಾಡಬಾರದು. ನಾನು ಮಾತಾಡಿದೆ. “ತಗೊಂಡೋಗಪ್ಪ. ಸರ್ವೀಸ್ ಮಾಡಿಸಿ, ಬರೋ ಭಾನುವಾರ ಹೂವಿನಂಗೆ ಕೊಡ್ತೀನಿ. ಅದ್ರಲ್ಲಿ ಒಂದೇ ಒಂದು ಊನ ಇದ್ರೂ ಈ ನಾಗಮಂಗಲದಲ್ಲಿ ಯಾರೂ ನನ್ನ ಮೇಷ್ಟ್ರು ಅಂತ ಕರೀಬೇಡಿ!”

ಎರಡು ಸಾಲು ನೆಂಟರು ಕೈಲಿದ್ದ ಮೂಳೆ ಬಿಟ್ಟು ತಲೆಯಾಡಿಸಿದರು. ಹೆಂಡತಿ ಮಾತ್ರ ಹೆಂಗಸರ ಸಾಲಿನಿಂದ ನನ್ನನ್ನೇ ನೋಡಿದಳು. ಮದುವೆಯಾದ ಗಂಡಸರಿಗೆ ಆ ನೋಟ ವಿವರಿಸಬೇಕಾಗಿಲ್ಲ.

ಬುಧವಾರ ಸಂಜೆ ಶೋರೂಮಿನಿಂದ ಕಾರು ಬಂತು. ಫಳಫಳ ಹೊಳೆಯುತ್ತಿತ್ತು. ನನ್ನ ಅವ್ವ ಪದ್ಧತಿಯಂತೆ ಅದಕ್ಕೆ ದೃಷ್ಟಿ ತೆಗೆದರು. ಅವ್ವನಿಗೆ ಎಪ್ಪತ್ತೇಳು, ಊರೂರು ಸುತ್ತಿ ಬಂದ ಗಾಡಿಗೆ ಯಾರ ಕಣ್ಣು ಬಿದ್ದಿರುತ್ತದೋ ಎಂಬ ಚಿಂತೆ ಅವರದು. ಗುರುವಾರ ಬೆಳಿಗ್ಗೆ ಕೀ ತಿರುಗಿಸಿ ಹೊರಟರೆ, ಸ್ಟೀರಿಂಗಿನ ಹಿಂದೆ ಒಂದು ಕೆಂಪು ದೀಪ. ದೀಪದೊಳಗೆ ಒಬ್ಬ ಮನುಷ್ಯ ಕೂತಿದ್ದಾನೆ, ಅವನ ಮುಂದೆ ದೊಡ್ಡದೊಂದು ಚೆಂಡು. ಆಡುವುದೂ ಇಲ್ಲ, ಬಿಡುವುದೂ ಇಲ್ಲ. ನನ್ನ ಸ್ಕೂಲಿನ ಹುಡುಗರ ಹಾಗೆ ಸುಮ್ಮನೆ ಕೂತಿದ್ದಾನೆ.

ಕಾರಿನ ಜೊತೆ ಕೊಟ್ಟಿದ್ದ ಪುಸ್ತಕ ತೆಗೆದು ನೋಡಿದೆ. ಅಪಘಾತವಾದಾಗ ಉಬ್ಬುವ ಗಾಳಿಚೀಲದಲ್ಲಿ ದೋಷವಿದ್ದರೆ ಈ ದೀಪ ಉರಿಯುತ್ತದಂತೆ. ಶೋರೂಮಿಗೆ ಫೋನು ಮಾಡಿ ನನ್ನ ಮೈದಾನದ ಗಂಟಲಲ್ಲೇ ಕೂಗಾಡಿದೆ. ಆ ಕಡೆಯ ಹೆಣ್ಣುಮಗಳು ಪೂರ್ತಿ ಕೇಳಿಸಿಕೊಂಡು, “ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ ಸರ್. ಈಗ ನಮ್ಮ ಸರ್ವೀಸಿಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಾ?” ಅಂದಳು.

೨. ಉಬ್ಬಿಲ್ಲದ ರಸ್ತೆ

ಶುಕ್ರವಾರ ಅರ್ಧ ದಿನ ರಜೆ ಹಾಕಿ ಶೋರೂಮಿಗೇ ಹೋದೆ. ಟೈ ಕಟ್ಟಿಕೊಂಡ ಸೂಪರ್‌ವೈಸರು ಬಂದರು. ಕಾರಿಗೆ ಒಂದು ವೈರು ಚುಚ್ಚಿ, ಇನ್ನೊಂದು ತುದಿಯನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ಇಬ್ಬರೂ ಮಾತಾಡಿಕೊಳ್ಳಲಿ ಎಂಬಂತೆ ಕೈಕಟ್ಟಿ ನಿಂತರು.

“ನಮ್ಮಿಂದ ಹೋಗುವಾಗ ಈ ಲೈಟ್ ಇರಲಿಲ್ಲ ಸರ್.”

“ಇಲ್ಲಿಗೆ ಬರುವಾಗಲೂ ಇರಲಿಲ್ಲ ಕಣ್ರೀ!”

“ಹಂಗಾದ್ರೆ ಮಧ್ಯದಲ್ಲಿ ಬಂದಿದೆ ಸರ್” ಎಂದು ಗಂಭೀರವಾಗಿ ಹೇಳಿದರು. ನಾನು ಹಲ್ಲು ಕಚ್ಚಿಕೊಂಡೆ. ಅವರು ಒಂದು ಗುಂಡಿ ಒತ್ತಿದರು. ದೀಪ ಆರಿತು. “ಏನಿಲ್ಲ ಸರ್, ಹಳೇ ನೆನಪು ಉಳ್ಕೊಂಡಿತ್ತು, ಅಳಿಸಿದೀನಿ” ಅಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವರ ಕೈ ಕುಲುಕಿ, ಹತ್ತಕ್ಕೆ ಹತ್ತು ಅಂಕ ಕೊಟ್ಟು ಬಂದೆ.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಉಬ್ಬು ಇದೆ. ಕಾರು ದಡಕ್ಕೆಂದಿತು, ಚೆಂಡಿನ ಮನುಷ್ಯ ಮತ್ತೆ ಬಂದು ಕೂತ. ಅಲ್ಲೇ ನಿಲ್ಲಿಸಿ ಸೂಪರ್‌ವೈಸರಿಗೆ ಫೋನು ಮಾಡಿದೆ. ಅವರು ಸಮಾಧಾನವಾಗಿ ಕೇಳಿ, “ಸರ್, ಸೋಮವಾರ ತನ್ನಿ, ಪೂರ್ತಿ ಚೆಕ್ ಮಾಡೋಣ. ಅಲ್ಲಿವರೆಗೆ ಉಬ್ಬಿಲ್ಲದ ರಸ್ತೇಲಿ ಓಡಿಸಿ” ಅಂದರು.

ನನ್ನ ಮನೆಯಿಂದ ಸ್ಕೂಲಿಗೆ ಹೋಗುವಷ್ಟರಲ್ಲಿ ಹತ್ತೊಂಬತ್ತು ಉಬ್ಬು. ಉಬ್ಬಿಲ್ಲದ ಜಾಗ ಎಂದರೆ ಕಾವೇರಿ ನದಿಯೊಂದೇ.

೩. ಟೇಪು ವೈದ್ಯ

ಸೋಮವಾರ ಯಾರಿಗೆ ಬೇಕು? ಭಾನುವಾರ ಷಡ್ಡಕ ಬರುತ್ತಾನೆ. ಹೆಂಡತಿ ಆಗಲೇ ತೀರ್ಪು ಕೊಟ್ಟಾಗಿತ್ತು: “ಆ ಲೈಟ್ ಉರೀತಿರೋ ಗಾಡಿ ನನ್ ತಂಗಿ ಮನೆಗೆ ಹೋದ್ರೆ ನಾನು ಇನ್ ಜನ್ಮದಲ್ಲಿ ನಾಗಮಂಗಲದ ಬಸ್ಸು ಹತ್ತಂಗಿಲ್ಲ. ಯಾಕಾದ್ರೂ ಅಷ್ಟು ಜನದ ಮುಂದೆ ಬಾಯ್ಬುಟ್ರೋ!”

ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಪಾಂಡವಪುರದ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಟ್ರಾಕ್ಟರು, ಪಂಪುಸೆಟ್ಟು ಎಲ್ಲಕ್ಕೂ ಅವರೇ ಡಾಕ್ಟರು. ಬಗ್ಗಿ ನೋಡಿದರು. “ಗಾಡಿ ಓಡ್ತದಾ?”

“ಓಡ್ತದೆ.”

“ಬ್ರೇಕ್ ಇಡೀತದಾ?”

“ಹಿಡೀತದೆ.”

“ಮತ್ತೆ ನಿಮ್ಗೆ ತೊಂದ್ರೆ ಏನು ಸಾ?”

“ಲೈಟು ಕಣಯ್ಯಾ, ಲೈಟು ಉರೀತಾ ಅದೆ!”

“ಅಷ್ಟೇ ತಾನೆ?” ಎಂದು ಒಳಗೆ ಹೋಗಿ ಕಪ್ಪು ಟೇಪು ತಂದು, ಉಗುರಿನಷ್ಟು ಹರಿದು ದೀಪದ ಮೇಲೆ ಅಂಟಿಸಿದರು. “ತಕಳಿ. ನಮ್ ಟ್ರಾಕ್ಟರಿಗೂ ಇದೇ ಮಾಡಿವ್ನಿ. ಆರ್ ವರ್ಸ ಆಯ್ತು, ಒಂದ್ ಲೈಟೂ ಕಾಣ್ನಿಲ್ಲ.”

ಒಂದು ನಿಮಿಷ ನನಗೂ ಆಸೆಯಾಯಿತು. ಸುಳ್ಳು ಹೇಳುವುದಿಲ್ಲ, ನಾಲ್ಕು ಉಬ್ಬಿನವರೆಗೂ ಆ ಟೇಪು ಇಟ್ಟುಕೊಂಡೇ ಬಂದೆ. ಆಮೇಲೆ ಷಡ್ಡಕನ ಇಬ್ಬರು ಮಕ್ಕಳು ಇದೇ ಕಾರಿನಲ್ಲಿ ಕೂರುತ್ತಾರೆ ಎಂದು ನೆನಪಾಗಿ ನಾಚಿಕೆಯಾಯಿತು. ಕಿತ್ತು ಹಾಕಿದೆ. ಟೇಪು ಬಂತು, ಅದರ ಅಂಟು ಉಳಿಯಿತು. ಈಗ ಚೆಂಡು ಹಿಡಿದ ಮನುಷ್ಯನಿಗೆ ಗಡ್ಡವೂ ಬಂದಿತ್ತು.

೪. ಕಾರೇ ಕೇಳಿದ ಕುಂಬಳಕಾಯಿ

ಮಧ್ಯಾಹ್ನ ಮನೆಗೆ ಬಂದು ಕಾರಿನಲ್ಲೇ ತಲೆ ಹಿಡಿದು ಕೂತಿದ್ದೆ. ಅವ್ವ ಬಾಗಿಲಲ್ಲಿ ಬಗ್ಗಿ, “ಏನ್ಲಾ ಮಗ ಇಂಗ್ ಕುಂತಿದ್ದೀಯೆ?” ಅಂದರು. ದೀಪ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿ, ಮುಖ ಅರಳಿಸಿದರು.

“ಅಯ್ಯೋ ನನ್ ಕಂದ, ಮೂರ್ ದಿನದಿಂದ ಅದ್ ಬಾಯ್ಬುಟ್ಟು ಕೇಳ್ತಾ ಅದಲ್ಲೋ! ನೋಡ್ಲಾ, ಕುಂಬಳಕಾಯ ಮಡ್ಲಲ್ ಮಡಿಕಂಡು ಕುಂತವ್ನೆ. ಒಡೀರಿ ಅಂತ ಅವ್ನೆ.”

ವಿದ್ಯಾವಂತನಾದ ನಾನು ಅದೊಂದು ಗಾಳಿಚೀಲ ಎಂದು ವಿವರಿಸಲು ಹೋದೆ. “ಗಾಳಿಗೆ ಇನ್ನೇನ್ ಮತ್ತೆ, ಕುಂಬಳಕಾಯೇ ಒಡೀಬೇಕು” ಎಂದು ಬಾಯಿ ಮುಚ್ಚಿಸಿದರು. ಬೂದುಗುಂಬಳ ಬಂತು, ಕುಂಕುಮ ತುಂಬಿತು, ಕಾರಿಗೆ ಮೂರು ಸುತ್ತು ಬಂತು. ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗ ನಾನೇ ಎತ್ತಿ ಕುಕ್ಕಿದೆ. ಮೂರು ದಿನದ ಸಿಟ್ಟೆಲ್ಲ ಸೇರಿ ಅದು ಎದುರುಮನೆಯ ಗೇಟಿನವರೆಗೂ ಹಾರಿತು. ಕೀ ತಿರುಗಿಸಿದೆ. ದೀಪ ಅಲ್ಲೇ ಇತ್ತು.

ಅವ್ವ ತಮ್ಮಷ್ಟಕ್ಕೆ ಗೊಣಗಿದರು: “ಬುಧವಾರ ನಾನ್ ಕಟ್ಟಿದ್ದು ಸಾಲ್ದಾಯ್ತೋ ಏನೋ.”

“ಏನವ್ವ ಕಟ್ದೆ? ಎಲ್ಲಿ ಕಟ್ದೆ?”

“ನಿಂಬೆಹಣ್ಣು, ಉಪ್ಪು, ಮೆಣಸಿನಕಾಯಿ ಒಂದ್ ಗಂಟು. ಮುಂದ್ಗಡೆ ಕಟ್ಟುದ್ರೆ ಆ ಸೋರೂಮ್ನೋರು ತೊಳೆಯೋವಾಗ ಪ್ರತಿ ಸಲ ಕಿತ್ತಾಕ್ತಾರಲ್ಲ, ಅದ್ಕೆ ಈ ಸಲ ಅವ್ರ್ ಕೈಗೆ ಸಿಕ್ಕದಂಗೆ ಸೀಟ್ ಕೆಳಕ್ಕೆ ಕಟ್ಟಿವ್ನಿ. ಅಲ್ಲಿ ಯಾರೋ ಪುಣ್ಯಾತ್ಮರು ಮೊದ್ಲೇ ಒಂದು ಅರಿಶಿನದ ದಾರ ಬುಟ್ಟಿದ್ರು. ಜಗ್ಗಿ ನೋಡ್ದೆ, ಗಟ್ಟಿಯಾಗಿತ್ತು. ಅದಕ್ಕೇ ಬಿಗಿದೆ.”

ನೆಲಕ್ಕೆ ಕೆನ್ನೆ ಹಚ್ಚಿ ಸೀಟಿನ ಕೆಳಗೆ ನೋಡಿದೆ. ಅರಿಶಿನದ ದಾರವಲ್ಲ, ಗಾಳಿಚೀಲದ ಹಳದಿ ವೈರು. ಅವ್ವನ ಗಂಟು ಅದರಿಂದ ನೇತಾಡುತ್ತಿತ್ತು, ಆ ಜಗ್ಗಾಟಕ್ಕೆ ವೈರಿನ ಕೊಂಡಿ ಅರ್ಧ ಬಿಚ್ಚಿಕೊಂಡಿತ್ತು. ಪ್ರತಿ ಉಬ್ಬಿಗೂ ಗಂಟು ಒಮ್ಮೆ ಜೀಕುತ್ತಿತ್ತು.

ಶೋರೂಮಿಗೆ ಓಡಿದೆ. ಸೂಪರ್‌ವೈಸರು ಗಂಟು ಬಿಚ್ಚಿ, ಕೊಂಡಿ ಟಕ್ಕೆಂದು ಒತ್ತಿ, ಅಂಟನ್ನೂ ಒರೆಸಿಕೊಟ್ಟರು. ದೀಪ ಆರಿತು, ಮನೆಗೆ ಬರುವಾಗ ಎಷ್ಟು ಉಬ್ಬು ಹಾರಿಸಿದರೂ ಮತ್ತೆ ಹತ್ತಲಿಲ್ಲ. ಮನೆಗೆ ಬಂದು ಅವ್ವನನ್ನು ಚೆನ್ನಾಗಿ ಬೈಯಬೇಕು ಎಂದುಕೊಂಡಿದ್ದೆ. ಅವ್ವ ಜಗುಲಿಯ ಮೇಲೆ ಬೀದಿಯ ಹೆಂಗಸರನ್ನೆಲ್ಲ ಸೇರಿಸಿಕೊಂಡು ಕೂತಿದ್ದರು. ನನ್ನನ್ನು ಕಂಡು, “ಆರೋಯ್ತಾ?” ಅಂದರು. ಆರಿತು ಅಂದೆ. ಹೆಂಗಸರ ಕಡೆ ತಿರುಗಿದರು.

“ನೋಡುದ್ರಾ? ಕುಂಬಳಕಾಯ್ ಒಡೆದು ಒಂದ್ ಗಂಟೆ ಆಗಿಲ್ಲ!”

೫. ಊನ ತೋರಿಸಿ ಕೊಟ್ಟದ್ದು

ಭಾನುವಾರ ಬೆಳಿಗ್ಗೆ ಷಡ್ಡಕ ಹೆಂಡತಿಯೊಡನೆ ಬಂದ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾರಿನ ಪಕ್ಕ ಎದೆಯುಬ್ಬಿಸಿ ನಿಂತಿದ್ದೆ. ಅವನು ಚಕ್ರ ಒದ್ದ, ಬಾಗಿಲು ತೆಗೆದು ಹಾಕಿದ, ಒಳಗೆ ಕೂತ. ಸ್ಟೀರಿಂಗಿನ ಹಿಂದೆ ಬಗ್ಗಿ ನೋಡಿ, “ಎಲ್ಲಣ್ಣ ಆ ಲೈಟು?” ಅಂದ.

ನಾನೂ ಕಿಟಕಿಯಲ್ಲಿ ಬಗ್ಗಿದೆ. “ಯಾವ ಲೈಟು?”

“ಅದೇ ಕೆಂಪ್ನೆ ಲೈಟು. ಅತ್ತಿಗೆ ದಿನಾ ಫೋನ್ ಮಾಡಿ ನಮ್ ಮನೆಯೋಳ ತಾವ ಹೇಳ್ತಿದ್ರಲ್ಲ.”

ಹೆಂಡತಿಯ ಕಡೆ ನೋಡಿದೆ. ಅವಳು ಕಾಫಿ ತರುವ ನೆಪದಲ್ಲಿ ಒಳಗೆ ಹೋದಳು. “ಹೋಯ್ತಪ್ಪ, ಸರಿಹೋಯ್ತು. ಒಂದು ವೈರು ಸಡಿಲಾಗಿತ್ತು” ಅಂದೆ.

ಅವನು ಹಸು ಮಾರುವವನ ಮುಖ ನೋಡುವ ಹಾಗೆ ನನ್ನ ಮುಖವನ್ನೇ ನೋಡಿದ. “ಮೂರ್ ದಿನ ಸೋರೂಮ್ನೋರ ಕೈಲಿ ಆಗ್ದಿದ್ದು ನಾನ್ ಬರೋ ಹಿಂದಿನ್ ದಿನವೇ ಸರಿ ಓಯ್ತಾ? ಅಣ್ಣ, ಒದೆಯೋ ಹಸ ಮಾರೋ ದಿನ ಸುಮ್ಕೆ ನಿಂತಿದ್ರೆ ನಾವ್ ಏನ್ ಅನ್ಕತೀವಿ ಹೇಳಿ? ಏನೋ ಕುಡ್ಸವ್ರೆ ಅಂತ. ನೀವು ಬಲ್ಬ್ ಕಿತ್ಬುಟ್ಟಿದ್ದೀರಿ.”

ಬಲ್ಬು! ಮೂವತ್ತು ವರ್ಷ ಮಕ್ಕಳಿಗೆ ಶಿಸ್ತು ಕಲಿಸಿದ ನನಗೆ! ಮೈಯೆಲ್ಲ ಉರಿಯಿತು. “ಬಲ್ಬು ಅಲ್ಲೇ ಅದೆ, ತೋರಿಸ್ತೀನಿ ನೋಡು!” ಎಂದು ಕೈ ಚಾಚಿ ಕೀ ತಿರುಗಿಸಿದೆ. ಇಂಜಿನ್ನು ಚಾಲೂ ಆಗುವ ಮುಂಚೆ ಎಲ್ಲ ದೀಪಗಳೂ ಒಮ್ಮೆ ಉರಿದು ಹಾಜರಿ ಹೇಳುವುದು ಕಾರುಗಳ ಪದ್ಧತಿ. ಸಿಟ್ಟಿನಲ್ಲಿ ಅದು ನನಗೆ ಮರೆತೇಹೋಗಿತ್ತು. ಬ್ಯಾಟರಿ, ಎಣ್ಣೆ, ಬ್ರೇಕು, ಇಂಜಿನ್ನು, ಬೆಲ್ಟು, ಚೆಂಡಿನ ಮನುಷ್ಯ, ಹೆಸರು ಗೊತ್ತಿಲ್ಲದ ಇನ್ನೆರಡು, ಒಟ್ಟು ಎಂಟು ದೀಪ ಒಂದೇ ಸಲ ಝಗ್ಗೆಂದವು.

ಷಡ್ಡಕ ಕಾರಿನಿಂದ ನೆಗೆದು ಈಚೆ ನಿಂತ. “ಅತ್ತಿಗೆ ಹೇಳಿದ್ದು ಒಂದು! ಇಲ್ಲಿ ಎಂಟವೆ!”

ಗಾಬರಿಯಲ್ಲಿ ಕೀ ಇನ್ನೊಂದು ಸುತ್ತು ತಿರುಗಿಸಿದೆ. ಇಂಜಿನ್ನು ಚಾಲೂ ಆಗಿ ಎಂಟೂ ಆರಿದವು. ಅವನು ಇನ್ನೂ ಎರಡು ಹೆಜ್ಜೆ ಹಿಂದಕ್ಕೆ ಹೋದ. “ಇದ್ಕೆ ಎಂಟ್ಕೂ ಸೇರ್ಸಿ ಸ್ವಿಚ್ಚು ಬ್ಯಾರೆ ಮಡಗ್ಸಿದ್ದೀರಾ?”

ನಾನು ಕಾರಿನ ಪುಸ್ತಕ ತೋರಿಸಿದೆ. ಅವ್ವ ಕುಂಬಳಕಾಯಿಯ ಸಾಕ್ಷಿ ಹೇಳಿದರು. ಅವನು ಒಳಗೆ ಬಂದು ಸೋಫಾದ ತುದಿಯಲ್ಲಿ ಕೂತರೂ ಕಾಫಿ ಲೋಟ ಮುಟ್ಟಲಿಲ್ಲ. ಅಡುಗೆಮನೆಯಲ್ಲಿ ಅಕ್ಕತಂಗಿಯರ ಮಾತು ನಿಂತುಹೋಯಿತು. ನನಗೆ ನಿಜಕ್ಕೂ ಭಯವಾಯಿತು, ದುಃಖವೂ ಆಯಿತು. ಕಾರು ಹಾಳಾಗಲಿ, ಇಬ್ಬರು ಹೆಣ್ಣುಮಕ್ಕಳ ನಡುವೆ ನನ್ನಿಂದ ಬಿರುಕು ಬರುತ್ತಲ್ಲ ಎಂದು.

“ನಿನಗೆ ಹೆಂಗೆ ನಂಬಿಕೆ ಬರ್ತದೆ ಹೇಳಪ್ಪ” ಅಂದೆ.

“ನಾವ್ ಕೆಟ್ಟ ಸುಳಿ ಇರೋ ಹಸಾನ ಸುಳಿ ತೋರ್ಸೇ ಮಾರೋದು ಅಣ್ಣ. ಆ ಒಂದ್ ಲೈಟು ಮೊದ್ಲಿದ್ದಂಗೆ ಉರೀಲಿ, ನಾನ್ ಕಣ್ಮುಚ್ಕಂಡು ತಕಂಡೋಯ್ತೀನಿ.”

ಐದು ನಿಮಿಷ ಯೋಚಿಸಿದೆ. ಆಮೇಲೆ ಒಬ್ಬನೇ ಈಚೆ ಬಂದು, ಕೀ ತೆಗೆದು, ನೆಲಕ್ಕೆ ಕೆನ್ನೆ ಹಚ್ಚಿ, ಸರಿಯಾಗಿದ್ದ ಹಳದಿ ಕೊಂಡಿಯನ್ನು ಕೈಯಾರೆ ಸಡಿಲಿಸಿದೆ. ಮತ್ತೆ ಚಾಲೂ ಮಾಡಿದಾಗ ಚೆಂಡಿನ ಮನುಷ್ಯ ಒಬ್ಬನೇ ಬಂದು ಕೂತ. ಅವನನ್ನು ಕಂಡು ಅಷ್ಟು ಸಂತೋಷ ನನಗೆ ಇನ್ಯಾವತ್ತೂ ಆಗಿಲ್ಲ.

ಷಡ್ಡಕ ಬಗ್ಗಿ ನೋಡಿದ. “ಹಾಂ, ಈಗ ಸರಿ ನೋಡಿ! ಇದ್ದದ್ನ ಇದ್ದಂಗ್ ತೋರ್ಸ್ಬೇಕು” ಎಂದು ನನ್ನ ಬೆನ್ನು ತಟ್ಟಿ, ಎರಡು ಲೋಟ ಕಾಫಿ ಕುಡಿದ. ಅಡುಗೆಮನೆಯಲ್ಲಿ ನಗು ಕೇಳಿಸಿತು. “ಸೀಟಿನ ಕೆಳಗೆ ಹಳದಿ ವೈರು ಸಡಿಲಾಗಿದೆ, ಒತ್ತಿದ್ರೆ ಆಯ್ತು. ಮೊದ್ಲು ಅದನ್ನ ಒತ್ತಿಸಿ ಆಮೇಲೆ ಮಕ್ಕಳನ್ನ ಕೂರಿಸ್ಕೊ” ಎಂದು ನಾನು ಮೂರು ಸಲ ಹೇಳಿದೆ. “ಅದ್ನೆಲ್ಲ ನಮ್ ಮೆಕ್ಯಾನಿಕ್ಕು ನೋಡ್ಕತಾನೆ, ನೀವ್ ಸುಮ್ಕಿರಿ” ಎಂದು ಹೊರಟ.

ಎರಡು ಗಂಟೆಗೆ ಕೆ.ಆರ್. ಪೇಟೆಯಿಂದ ಫೋನು ಬಂತು. “ಅಣ್ಣ, ನಮ್ ಮೆಕ್ಯಾನಿಕ್ಕು ಸೀಟ್ ಕೆಳ್ಗೆ ಕೈ ಹಾಕಿ ಟಕ್ ಅನ್ನುಸ್ದ, ಲೈಟ್ ಓಯ್ತು! ಅರ್ಧ ನಿಮ್ಸ! ಗಾಡೀಲಿ ಏನೂ ಊನ ಇರ್ನಿಲ್ಲ ಕಣಣ್ಣ, ನಿಮ್ಗೇ ಗೊತ್ತಾಗ್ನಿಲ್ಲ.”

“ಒಳ್ಳೇದಾಯ್ತಪ್ಪ” ಅಂದೆ.

“ಬೇಜಾರ್ ಮಾಡ್ಕಬ್ಯಾಡಿ. ನಾಗಮಂಗಲಕ್ಕೂ ಫೋನ್ ಮಾಡಿ ಎಲ್ರಿಗೂ ಹೇಳಿವ್ನಿ. ನಮ್ಮಣ್ಣನಂತ ಮೇಷ್ಟ್ರು ಇನ್ನೊಬ್ರಿಲ್ಲ, ಊನ ಇಲ್ದಿದ್ರೂ ಊನ ತೋರ್ಸೇ ಕೊಡ್ತಾರೆ ಅಂತ!”